ಬೀಮಾ ಅಲ್ಲವ್ವ, ಭೀಮಾ!

ಯಾದಗಿರಿಯಿಂದ ರಾಯಚೂರಿಗೆ ಹೋಗುವ ರೈಲುದಾರಿಯಲ್ಲಿ ಸೈದಾಪುರ ಸಿಗುತ್ತದೆ. ಊರು ದೊಡ್ಡದಲ್ಲ, ಆದರೆ ಹಳಿ ಬಹಳ ಹಳೆಯದು. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಆ ದಾರಿಯ ಮೇಲೆಯೇ ಈ ಊರು. ತೆಲಂಗಾಣದ ಗಡಿ ಇಲ್ಲಿಗೆ ದೂರವಿಲ್ಲ. ಸೀರೆಗೆ ಹೆಸರಾದ ನಾರಾಯಣಪೇಟೆ ಗಡಿಯ ಆಚೆಗಿದೆ. ಹೀಗಾಗಿ ಚಹಾ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ.

ದಸರೆ ರಜೆಯಲ್ಲಿ ನಾನು ಅಲ್ಲಿಗೆ ಹೋದದ್ದು ನನ್ನ ದೊಡ್ಡಮ್ಮನ ಮಗಳ ಮನೆಗೆ. ಅವಳ ಮಗಳು ಎಂಟನೇ ಕ್ಲಾಸು. ರಾಜ್ಯೋತ್ಸವದ ದಿನ ಶಾಲೆಯ ಗೋಡೆಯ ಮೇಲೆ ಜಿಲ್ಲೆಯ ಚಿತ್ರಗಳನ್ನು ತೋರಿಸುತ್ತಾರಂತೆ. ಚಿತ್ರಗಳ ಹಿಂದಿನಿಂದ ಕೇಳಿಬರುವ ದನಿ ಇವಳದು. ಯಾದಗಿರಿಯ ಕೋಟೆ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಟೇಲರ್ ಮಂಜಿಲ್, ಬೋನಾಳದ ಹಕ್ಕಿಗಳ ಕೆರೆ, ತಿಂಥಣಿಯ ಮೌನೇಶ್ವರ, ಮೈಲಾಪುರದ ಮಲ್ಲಯ್ಯ ಎಲ್ಲವೂ ಅವಳ ಬರಹದಲ್ಲಿದ್ದವು. ಅದನ್ನು ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿದ್ದಳು. ಆದರೆ ನಾನು ಹೋದಾಗ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು.

“ಮಾಮಾ, ನಾ ಓದಂಗಿಲ್ಲ. ಬ್ಯಾರೆ ಯಾರರೆ ಓದ್ಲಿ,” ಎಂದಳು.

ಕಾರಣ ಎರಡು. ತನ್ನ ದನಿಯನ್ನು ಫೋನಿನಲ್ಲಿ ಕೇಳಿ ಅವಳಿಗೇ ಬೇಸರ ಬಂದಿತ್ತು. ಅದರ ಮೇಲೆ, ಕೇಳಿದವರೊಬ್ಬರು “ಹಳ್ಳಿ ಭಾಷೆ” ಎಂದು ನಕ್ಕಿದ್ದರು. ಉಳಿದವರೆಲ್ಲ “ಛಲೋ ಅದ” ಎಂದಿದ್ದರು. ನಕ್ಕ ಮಾತು ನೋಯಿಸಿತ್ತು, ಹೊಗಳಿದ ಮಾತು ಉಪಯೋಗಕ್ಕೆ ಬಂದಿರಲಿಲ್ಲ. ಏನು ಛಲೋ, ಎಲ್ಲಿ ಛಲೋ ಎಂದು ಯಾರೂ ಹೇಳಿರಲಿಲ್ಲವಲ್ಲ!

ಮಕ್ಕಳೇ, ನಿಮ್ಮ ದನಿ ನಿಮಗೇ ಅಪರಿಚಿತವಾಗಿ ಕೇಳಿದರೆ ಹೆದರಬೇಡಿ. ನಾವು ಮಾತಾಡುವಾಗ ನಮ್ಮ ದನಿ ನಮಗೆ ಎರಡು ದಾರಿಯಿಂದ ಕೇಳುತ್ತದೆ. ಒಂದು ಗಾಳಿಯಿಂದ ಕಿವಿಗೆ, ಇನ್ನೊಂದು ತಲೆಯ ಎಲುಬಿನ ಮೂಲಕ ಒಳಗಿನಿಂದಲೇ. ಎಲುಬಿನ ದಾರಿಯಿಂದ ಬರುವ ದನಿ ತುಸು ದಪ್ಪ. ರೆಕಾರ್ಡಿಂಗಿನಲ್ಲಿ ಗಾಳಿಯ ದನಿ ಮಾತ್ರ ಇರುವುದರಿಂದ ಅದು ನಮಗೆ ತೆಳ್ಳಗೆ ಅನ್ನಿಸುತ್ತದೆ. ಊರಿನವರೆಲ್ಲ ದಿನವೂ ಕೇಳುವುದು ಆ ದನಿಯನ್ನೇ. ಇದನ್ನು ಹೇಳಿದ ಮೇಲೆ ಅವಳ ಅರ್ಧ ಬೇಸರ ಹೋಯಿತು.

ಉಳಿದರ್ಧ ಹೋದದ್ದು ಅವಳ ಮುತ್ಯಾನಿಂದ. ಮುತ್ಯಾನಿಗೆ ಕಣ್ಣು ಮಂಜು, ಕಿವಿ ಚುರುಕು. ಕಲಬುರಗಿ ಆಕಾಶವಾಣಿ ಶುರುವಾದದ್ದು 1966ರಲ್ಲಿ. ಅಂದಿನಿಂದ ರೇಡಿಯೊ ಕೇಳುತ್ತ ಬಂದವರು. ಆಕಾಶವಾಣಿ ಎಂಬ ಹೆಸರು ಮಾತ್ರ ಇನ್ನೂ ಹಳೆಯದು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರು ಮಾಡಿದ ಪುಟ್ಟ ಬಾನುಲಿ ಕೇಂದ್ರಕ್ಕೆ ಇದ್ದ ಹೆಸರು ಅದು.

ಮುತ್ಯಾ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ನಡುವೆ ಒಂದು ಮಾತೂ ಆಡಲಿಲ್ಲ.

“ಕೋಟಿ ಮಾತು ಭಾಳ ಛಂದ ಬಂದದ. ಒಂದೊಂದು ಮೆಟ್ಟಲ ಹತ್ತಿದಂಗ ಓದೀದಿ. ಮುಂದ ಹೊಳಿ ಮಾತು ಬರ್ತದಲ್ಲ, ಅದನ್ನ ಇನ್ನೊಮ್ಮೆ ಹಚ್ಚು.”

ಅವಳು ಹಚ್ಚಿದಳು.

“ಬೀಮಾ ಅಲ್ಲವ್ವ, ಭೀಮಾ! ಬೀಮಾ ಅಂದ್ರ ಉರ್ದುದಾಗ ವಿಮಾ ಆಯ್ತು. ನಮ್ಮ ಹೊಳಿನ ಇನ್ಶುರೆನ್ಸ್ ಕಂಪನಿ ಮಾಡಬ್ಯಾಡ.”

ಎಲ್ಲರೂ ನಕ್ಕೆವು, ಅವಳೂ ನಕ್ಕಳು. ಆಮೇಲೆ ಹೇಳಿದಳು, “ನನಗ ಭ ಬರ್ತದ ಮುತ್ಯಾ. ಜೋರಾಗಿ ಅಂದ್ರ ಫೋನಿನಾಗ ಢಬ್ ಅಂತದ. ಅದ್ಕ ಮೆತ್ತಗ ಅಂದೀನಿ.”

ತಪ್ಪು ನಾಲಿಗೆಯದಲ್ಲ, ಫೋನು ಹಿಡಿದ ಜಾಗದ್ದು. ಬಾಯಿಯ ನೇರಕ್ಕೆ ಹಿಡಿದರೆ ಭ, ಪ, ಫ ಅನ್ನುವಾಗ ಉಸಿರು ಹೋಗಿ ಮೈಕಿಗೆ ಬಡಿಯುತ್ತದೆ. ಫೋನನ್ನು ಒಂದು ಗೇಣು ದೂರ, ಸ್ವಲ್ಪ ಓರೆಗೆ ಇಟ್ಟೆವು. ಢಬ್ ಹೋಯಿತು, ಭೀಮಾ ಬಂದಳು. ಮನೆಯ ಕಲ್ಲುಹಾಸಿನ ನೆಲದಿಂದ ದನಿ ಮಾರ್ದನಿಯಾಗುತ್ತಿತ್ತು. ಅಕ್ಕ ಎರಡು ಕೌದಿ ತಂದು, ಒಂದನ್ನು ಕೆಳಗೆ ಹಾಸಿ ಇನ್ನೊಂದನ್ನು ಬಾಗಿಲಿಗೆ ಇಳಿಬಿಟ್ಟಳು. ಫ್ಯಾನು ನಿಲ್ಲಿಸಿದೆವು. ಹಳೆಯ ಸೀರೆಯ ಕೌದಿಗೆ ಇಂಥ ಕೆಲಸವೂ ಬರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ.

“ಮತ್ತ ಹಳ್ಳಿ ಭಾಷಾ ಅಂದ್ರಲ್ಲ?” ಎಂದು ಅವಳು ಮೆಲ್ಲಗೆ ಕೇಳಿದಳು. ಯಾರೋ ನಕ್ಕರೆಂದು ‘ಹೊಳಿ’ಯನ್ನೆಲ್ಲ ಹೊಡೆದು ‘ನದಿ’ ಎಂದು ಬರೆದಿದ್ದಳು.

ಮುತ್ಯಾ ನಗಲಿಲ್ಲ. “ಬೀಮಾ ಅಂದ್ರ ಅರ್ಥ ಕೆಡ್ತದ, ಅದನ್ನ ತಿದ್ದಬೇಕು. ಹೊಳಿ ಅಂದ್ರ ಏನು ಕೆಡ್ತದ? ಜಾತ್ರಿಗಿ ಬಂದ ಮುದುಕಿ ನಿನ್ನ ಬರಹದಾಗ ಮಾತಾಡ್ತಾಳಲ್ಲ, ಆಕಿ ಬೆಂಗಳೂರಿನವಳಂಗ ಮಾತಾಡಿದ್ರ ಯಾರು ನಂಬ್ತಾರ?”

ಅವಳು ಪೆನ್ನು ತಗೊಂಡಳು. ಬರಹದ ಮಾತು ಪುಸ್ತಕದ ಕನ್ನಡದಲ್ಲೇ ಉಳಿಯಿತು. ಮುದುಕಿಯ ಮಾತು ಸೈದಾಪುರದ ಕನ್ನಡಕ್ಕೆ ಮರಳಿತು, ಹೊಳಿಯೂ ಅದರ ಜೊತೆಗೇ ಬಂತು.

ಮರುದಿನ ಪಾಳಿ ಅದಲುಬದಲಾಯಿತು. ಹೊಳಿ ತುಂಬಿದಾಗ ಜನ ಹರಗೋಲಿನಲ್ಲಿ ದಾಟುತ್ತಿದ್ದುದನ್ನು ಮುತ್ಯಾ ಹೇಳಿದರು, ಮೊಮ್ಮಗಳು ರೆಕಾರ್ಡ್ ಮಾಡಿದಳು. ಮತ್ತೆ ಹಚ್ಚಿ ಕೇಳಿದ ಮೇಲೆ ಅವಳು ಸುಮ್ಮನಾದಳು. ಹಿರಿಯರಿಗೆ ಹೇಗೆ ಹೇಳುವುದು?

“ಹೇಳವ್ವ. ನಾ ಹೇಳ್ದಾಗ ನೀ ಕೇಳಿದಿಲ್ಲೋ?” ಎಂದರು ಮುತ್ಯಾ.

“ಕಥಿ ಭಾಳ ಛಲೋ ಅದ ಮುತ್ಯಾ. ಆದ್ರ ನಮ್ಮ ಕ್ಲಾಸಿನವ್ರು ಹರಗೋಲು ನೋಡಿಲ್ಲ. ಹೆಂಗಿರ್ತದ ಅಂತ ಹೇಳು. ಮತ್ತ ನೀ ನಕ್ಕೋತ ಮಾತಾಡ್ತಿ, ಕಡೀ ಮಾತು ನಗಿಯಾಗ ಮುಳುಗ್ತದ.”

ಎಂಬತ್ತು ದಾಟಿದ ಮುತ್ಯಾ ಒಂದು ಗಳಿಗೆ ಗಡ್ಡ ಕೆರೆದುಕೊಂಡರು. “ಹಚ್ಚು, ಇನ್ನೊಮ್ಮೆ ಹೇಳ್ತೀನಿ,” ಎಂದರು. ಈ ಸಲ ಬಿದಿರು ಹೆಣೆದು ಮಾಡಿದ, ಚರ್ಮ ಹೊದಿಸಿದ, ದೊಡ್ಡ ಬುಟ್ಟಿಯಂಥ ಹರಗೋಲು ನಮ್ಮ ಕಣ್ಣಿಗೇ ಕಂಡಿತು. ನಗು ಬಂದಾಗ ತಡೆದು, ಮಾತು ಮುಗಿಸಿ ನಕ್ಕರು.

ನಾನು ಹೊರಡುವ ಮುಂಚೆ ಎಲ್ಲರೂ ಬಸ್ಸು ಹತ್ತಿ ಶಹಾಪುರಕ್ಕೆ ಹೋದೆವು. ಯಾದಗಿರಿ ದಾಟಿ ಸೇತುವೆ ಬಂದಾಗ ಹುಡುಗಿ ಕಿಟಕಿಯಿಂದ ಕೆಳಗೆ ನೋಡಿ “ಭೀಮಾ!” ಎಂದು ಗಟ್ಟಿಯಾಗಿ ಕೂಗಿದಳು. ಶಹಾಪುರದ ಹತ್ತಿರ ಬೆಟ್ಟಗಳ ಸಾಲು ಮಲಗಿದ ಮನುಷ್ಯನ ಆಕಾರಕ್ಕೆ ತಿರುಗುತ್ತದೆ: ಹಣೆ, ಮೂಗು, ಎದೆ. ಊರವರು ಮಲಗಿದ ಬುದ್ಧ ಎನ್ನುವುದು ಅದಕ್ಕೇ. ಮುತ್ಯಾನಿಗೆ ಅದು ಮಂಜುಮಂಜು. ಹುಡುಗಿ ಅವರ ಕಿವಿಯ ಹತ್ತಿರ ಫೋನು ಹಿಡಿದು ಆ ಭಾಗವನ್ನು ಹಚ್ಚಿದಳು. ಅವರು ತಲೆದೂಗುತ್ತ ಕೇಳಿದರು.

ಮುಗಿದ ಮೇಲೆ ಅವಳೇ ಹುಬ್ಬು ಗಂಟಿಕ್ಕಿದಳು. “ಮಾಮಾ, ಇಲ್ಲಿ ಅವಸರ ಆಗ್ಯದ. ಹಣಿ ಅಂದ ಮ್ಯಾಲೆ ತುಸು ನಿಂದ್ರಬೇಕಿತ್ತು. ನೋಡೋರು ನೋಡಬೇಕಲ್ಲ!”

ಮನೆಗೆ ಬಂದವಳೇ ಮತ್ತೆ ಬಾಗಿಲಿಗೆ ಕೌದಿ ಇಳಿಬಿಟ್ಟಳು.