ಯಾವ ಪಾಠ ಮೊದಲು?

ಉಡುಪಿಯ ಸೀಮೆಯಲ್ಲಿ ಊಟದ ಎಲೆಗೆ ಉಪ್ಪು ಬೀಳುವುದು ಯಾವಾಗ, ಕೋಸಂಬರಿ ಯಾವಾಗ, ಪಾಯಸ ಯಾವಾಗ ಎಂಬುದನ್ನು ಐದು ವರ್ಷದ ಮಗುವೂ ಬಲ್ಲದು. ಬಡಿಸುವವನು ಕ್ರಮ ತಪ್ಪಿದನೆಂದರೆ ಪಂಕ್ತಿಯಲ್ಲಿ ಕುಳಿತ ಹಿರಿಯರು ಸುಮ್ಮನಿರುವವರಲ್ಲ. ಹೊಟ್ಟೆಗೆ ಹೋಗತಕ್ಕ ಪದಾರ್ಥಗಳಲ್ಲಿ ಇಷ್ಟೊಂದು ಜಾಗರೂಕರಾದ ಜನರು ತಲೆಗೆ ಹೋಗತಕ್ಕ ವಿದ್ಯೆಗಳಲ್ಲಿ ಮಾತ್ರ ಯಾವ ಪಾತ್ರೆ ಮುಂದೆ ಬಂದಿತೋ ಅದರಿಂದಲೇ ಬಡಿಸಿಕೊಂಡು ಉಣ್ಣುವರೆಂಬುದು ಆಶ್ಚರ್ಯಕರವಾದ ಸಂಗತಿ. ಕಂಪ್ಯೂಟರಿನ ವಿದ್ಯೆಯ ಮಟ್ಟಿಗಂತೂ ಇದು ದಿನವೂ ಕಾಣತಕ್ಕ ನೋಟವಾಗಿದೆ.

ಹಿಂದಿನ ತಲೆಮಾರಿನಲ್ಲಿ ಈ ಭಾಗದ ಮನೆಗಳ ಆಸೆಯೆಲ್ಲವೂ ಬ್ಯಾಂಕಿನ ಕಡೆಗೆ ಇದ್ದಿತು. ಉಡುಪಿಯಲ್ಲಿಯೇ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ ಎಷ್ಟೋ ಮನೆಗಳ ಒಲೆಯನ್ನು ಉರಿಸಿ, 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದುವು. ಅಷ್ಟರೊಳಗೆ ಆಸೆಯು ದಿಕ್ಕು ಬದಲಿಸಿದ್ದಿತು. ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈಗಳು 1957ರಲ್ಲಿ ಸ್ಥಾಪಿಸಿದ ಇಂಜಿನಿಯರಿಂಗ್ ಕಾಲೇಜು, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಆರಂಭವಾದುದು, ಕಾಪುವಿಗೆ ಸಮೀಪದ ಬಂಟಕಲ್ಲಿನಲ್ಲಿ 2010ರಲ್ಲಿ ತೊಡಗಿದುದು, ಇವೆಲ್ಲ ಕಣ್ಣೆದುರಿಗೆ ಇವೆ. 1996ರಲ್ಲಿ ರೋಬೋಸಾಫ್ಟ್ ಎಂಬ ಸಂಸ್ಥೆಯು ಉಡುಪಿಯಲ್ಲಿಯೇ ನೆಲೆಯೂರಿದ ಮೇಲೆ, ಪ್ರೋಗ್ರಾಮು ಬರೆಯುವ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕೆಂಬ ನಿಯಮವೂ ಉಳಿಯಲಿಲ್ಲ. ಕಾಲೇಜಿನಲ್ಲಿ ಓದುವವರಿಗೆ ಯಾವ ಪಾಠ ಮೊದಲು, ಯಾವುದು ಅನಂತರ ಎಂಬುದನ್ನು ನಿಶ್ಚಯಿಸಲು ವಿಶ್ವವಿದ್ಯಾಲಯವುಂಟು. ತೊಡಕು ಇರುವುದು ಬೇರೇನನ್ನೋ ಓದಿ, ಬೇರೇನೋ ಉದ್ಯೋಗದಲ್ಲಿದ್ದುಕೊಂಡು, ಸಂಜೆಯ ಎರಡು ಗಂಟೆಗಳಲ್ಲಿ ಈ ವಿದ್ಯೆಗೆ ಕೈ ಹಾಕುವವರಿಗೆ. ಅವರ ಪಾಠಕ್ರಮವನ್ನು ರಚಿಸುವವರು ರಸ್ತೆಯ ಬದಿಯ ಬೋರ್ಡುಗಳು.

ಕಾಪುವಿನ ಒಂದು ಮನೆಯ ಹುಡುಗಿ ಇಂಥವಳಲ್ಲಿ ಒಬ್ಬಳು. ಬಿ. ಕಾಂ. ಪರೀಕ್ಷೆಯಲ್ಲಿ ಉತ್ತೀರ್ಣಳಾಗಿ, ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದಳು. ತಂದೆ ತೀರಿಕೊಂಡು ಕೆಲವು ವರ್ಷಗಳಾಗಿದ್ದುವು. ಸಂಬಳವು ಮನೆಯ ಖರ್ಚಿಗೂ ತಮ್ಮನ ಫೀಸಿಗೂ ಸರಿಹೋಗುತ್ತಿದ್ದಿತು, ಮಿಗುವುದೆಂಬುದಿಲ್ಲ. ಒಂದು ದಿನ ಬಸ್ಸಿನ ಕಿಟಕಿಯಿಂದ ಅವಳು ಒಂದು ಬೋರ್ಡನ್ನು ಕಂಡಳು. ಯಂತ್ರಕ್ಕೆ ಬುದ್ಧಿ ಕಲಿಸುವ ಮೆಷೀನ್ ಲರ್ನಿಂಗ್ ಎಂಬ ವಿದ್ಯೆಯನ್ನು ಆರು ತಿಂಗಳಲ್ಲಿ ಕಲಿಸಿಕೊಡುವುದಾಗಿಯೂ, ಹಿಂದಿನ ಪರಿಚಯವೇನೂ ಬೇಕಿಲ್ಲವೆಂದೂ ಅದರಲ್ಲಿ ಬರೆದಿದ್ದಿತು. ತಾಯಿಯ ಎರಡು ಬಂಗಾರದ ಬಳೆಗಳು ಬ್ಯಾಂಕಿನಲ್ಲಿ ಅಡವಿಗೆ ಬಿದ್ದುವು. ಹಣವು ಆ ಬೋರ್ಡಿನವರ ಕೈ ಸೇರಿತು.

ಆರು ತಿಂಗಳೆಂಬ ಮಾತು ಹೊಸದಲ್ಲ. ಪಂಚತಂತ್ರದ ಆರಂಭದಲ್ಲಿ ವ್ಯಾಕರಣಕ್ಕೇ ಹನ್ನೆರಡು ವರ್ಷ ಬೇಕಲ್ಲಾ ಎಂದು ಮಂತ್ರಿಗಳು ಚಿಂತಿಸುತ್ತಿರುವಾಗ, ವಿಷ್ಣುಶರ್ಮನು ರಾಜನ ಮೂವರು ಮೂಢಪುತ್ರರನ್ನು ಆರು ತಿಂಗಳಲ್ಲಿ ನೀತಿಶಾಸ್ತ್ರಕುಶಲರನ್ನಾಗಿ ಮಾಡುವೆನೆಂದು ಪ್ರತಿಜ್ಞೆ ಮಾಡುತ್ತಾನಷ್ಟೆ. ಪ್ರತಿಜ್ಞೆಯು ನೆರವೇರಿತು. ಆದರೆ ಶಿಷ್ಯರು ಮೂವರೇ ಎಂಬುದನ್ನೂ, ಅವರು ಗುರುವಿನ ಮನೆಯಲ್ಲಿಯೇ ಇದ್ದರೆಂಬುದನ್ನೂ, ಆ ವೃದ್ಧನು ವ್ಯಾಕರಣದ ತಂಟೆಗೇ ಹೋಗದೆ ರಾಜಕುಮಾರರಿಗೆ ಬೇಕಾದ ಒಂದೇ ವಿದ್ಯೆಯನ್ನು ಆರಿಸಿಕೊಂಡನೆಂಬುದನ್ನೂ ಬೋರ್ಡು ಬರೆಸುವವರು ಗಮನಿಸಿದಂತೆ ತೋರುವುದಿಲ್ಲ.

ಮೊದಲನೆಯ ವಾರವು ಸುಖವಾಗಿ ಕಳೆಯಿತು. ಪೈಥಾನ್ ಎಂಬ ಭಾಷೆಯಲ್ಲಿ ಸಿದ್ಧವಾಗಿ ಬರೆದುಕೊಟ್ಟ ಹತ್ತು ಸಾಲುಗಳನ್ನು ಅವಳು ಟೈಪು ಮಾಡಿದಳು. ಯಂತ್ರವು ಮನೆಗಳ ಬೆಲೆಯನ್ನು ಊಹಿಸಿ ಹೇಳಿತು. ಮನೆಯವರೆಲ್ಲರೂ ಹಿಗ್ಗಿದರು. ಮೂರನೆಯ ವಾರದಲ್ಲಿ ಮಾತೃಕೆಗಳ ಗುಣಾಕಾರ ಬಂದಿತು. ಐದನೆಯದರಲ್ಲಿ ಸಂಭಾವ್ಯತೆಯ ಗಣಿತ. ಒಂದು ಕಂಸವು ತಪ್ಪಿದರೆ ಪರದೆಯ ಮೇಲೆ ಎಂಟು ಸಾಲುಗಳ ದೋಷಸೂಚನೆ ಮೂಡುತ್ತಿದ್ದಿತು. ಅದನ್ನು ಕೊನೆಯ ಸಾಲಿನಿಂದ ಓದಲು ತೊಡಗಬೇಕು, ದೋಷದ ಜಾತಿಯು ಅಲ್ಲಿರುತ್ತದೆ ಎಂಬಷ್ಟನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆವರ್ತನೆಯ ವಾಕ್ಯವನ್ನು ಸ್ವತಂತ್ರವಾಗಿ ಬರೆಯಲಾರದವಳು ಯಂತ್ರಕ್ಕೆ ಬುದ್ಧಿ ಹೇಳಲು ಹೊರಟಿದ್ದಳು. ಆರು ತಿಂಗಳು ಮುಗಿದು ಸರ್ಟಿಫಿಕೇಟು ಬಂದಿತು. ಬುದ್ಧಿಯು ಯಾರಿಗೂ ಬರಲಿಲ್ಲ.

ಇಂಥ ಸಮಯದಲ್ಲಿ ಮನುಷ್ಯನಿಗೆ ಸಹಜವಾಗಿ ತೋಚುವುದು ಇನ್ನೊಂದು ಕೋರ್ಸು. ಹಸಿವೆಯೋ ಅಜೀರ್ಣವೋ ತಿಳಿಯದವನು ಮತ್ತೊಮ್ಮೆ ಎಲೆಯ ಮುಂದೆ ಕುಳಿತಂತೆ, ಅವಳು ಜಾವಾವನ್ನು ಅರ್ಧ ಕಲಿತಳು, ವೆಬ್‌ಸೈಟು ಕಟ್ಟುವುದನ್ನು ಕಾಲುಭಾಗ ಕಲಿತಳು. ವರ್ಷವೊಂದರಲ್ಲಿ ನಾಲ್ಕು ಸರ್ಟಿಫಿಕೇಟುಗಳು ಕೂಡಿದುವು.

ನವರಾತ್ರಿಯಲ್ಲಿ ಸರಸ್ವತೀಪೂಜೆಗೆಂದು ತಾಯಿಯೂ ಮಗಳೂ ಕಾರ್ಕಳಕ್ಕೆ ಹೋದರು. ಅಲ್ಲಿ ಸೋದರಮಾವನ ಮನೆ. ಅವರು ಪಾಠಶಾಲೆಯಲ್ಲಿ ಓದಿ ಪೌರೋಹಿತ್ಯದಲ್ಲಿ ಜೀವಿಸಿದವರು. ದೇವರ ಮುಂದಿನ ಮಣೆಯ ಮೇಲೆ ಪುಸ್ತಕಗಳ ಜೊತೆಗೆ ಹುಡುಗಿಯು ತನ್ನ ನಾಲ್ಕು ಸರ್ಟಿಫಿಕೇಟುಗಳನ್ನೂ ಇಟ್ಟಳು. ಪೂಜೆ ಮುಗಿದ ಮೇಲೆ ಮಾವನವರು ಅವುಗಳನ್ನು ಒಂದೊಂದಾಗಿ ನೋಡಿ, ತುಳುವಿನಲ್ಲಿ ಕೇಳಿದರು:

"ಇವುಗಳಲ್ಲಿ ಶಬ್ದ ಯಾವುದು, ಕಾವ್ಯ ಯಾವುದು, ಮಗಾ?"

"ಹಾಗೆಂದರೆ ಎಂಥದು, ಮಾವ?"

"ರಾಮಶಬ್ದ ಬಾಯಿಗೆ ಬಾರದೆ ರಘುವಂಶದ ಪುಸ್ತಕ ಕೊಟ್ಟರೆ ಹುಡುಗ ಏನು ಮಾಡಿಯಾನು? ಅರ್ಥ ಕಂಠಪಾಠ ಮಾಡಿಯಾನು. ನೀನು ಮಾಡಿದ್ದು ಅದೇ ಅಲ್ಲವೆ?"

ಹುಡುಗಿಯು ಉತ್ತರ ಕೊಡಲಿಲ್ಲ. ತಾಯಿಯು ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಮಾವನವರು ನುಡಿದುದು ಯಥಾರ್ಥವೇ. ಆದರೆ ಅವರು ಅಷ್ಟಕ್ಕೆ ನಿಲ್ಲದೆ ಒಂದು ವಿಧಿಯನ್ನೂ ಮಾಡಿದರು. ಇಂಜಿನಿಯರಿಂಗ್ ಓದಿದ ಬಂಧುವಿನ ಮಗನೊಬ್ಬನು ಸಿ ಎಂಬ ಭಾಷೆಯೇ ಮೂಲವೆಂದು ಹೇಳಿದ್ದನಂತೆ. ಆದುದರಿಂದ ಅದನ್ನೇ ಮೊದಲು ಹಿಡಿಯಬೇಕೆಂದರು. 1972ರ ಸುಮಾರಿಗೆ ಡೆನಿಸ್ ರಿಚಿಯು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಚಿಸಿದ ಆ ಭಾಷೆಯು ಇಂದಿಗೂ ಗೌರವಾರ್ಹವಾದುದು. ಯಂತ್ರದ ನೆನಪಿನ ಕೋಣೆಗಳೊಳಗೆ ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಹುಡುಗಿಯು ಎಂಟು ವಾರ ಅದರಲ್ಲಿ ಕಷ್ಟಪಟ್ಟಳು. ಕಲಿತದ್ದು ವ್ಯರ್ಥವಾಯಿತೆಂದಲ್ಲ, ಆವರ್ತನೆಯು ಅಲ್ಲಿಯೇ ಕೈವಶವಾಯಿತು. ಆದರೂ ಸಂಘದ ಮೇಜಿನಲ್ಲಿ ಅವಳಿಗೆ ಎದುರಾಗುತ್ತಿದ್ದ ಯಾವ ಕೆಲಸವೂ ಅದರಿಂದ ಹಗುರವಾಗಲಿಲ್ಲ. ಮೂಲದಿಂದ ತೊಡಗಬೇಕೆಂಬ ಮಾವನವರ ನ್ಯಾಯವು ಸರಿ. ಯಾವುದರ ಮೂಲ ಎಂದು ಅವರು ಕೇಳಲಿಲ್ಲ. ನಾಲ್ಕು ವರ್ಷಗಳ ಅವಕಾಶವುಳ್ಳ ಇಂಜಿನಿಯರಿಗೆ ಯಂತ್ರವು ಮೂಲ. ಲೆಕ್ಕದ ಪುಸ್ತಕದಿಂದ ಬಂದು, ಸಂಜೆಯ ಎರಡು ಗಂಟೆಯನ್ನು ಬಂಡವಾಳವಾಗಿ ಉಳ್ಳವಳಿಗೆ ಕೋಷ್ಟಕವು ಮೂಲ.

ಪಾಠಶಾಲೆಯಲ್ಲಿ ಓದಿದವರೇ ಈ ಭೇದವನ್ನು ಮರೆತರೆಂಬುದು ಸ್ವಲ್ಪ ವಿನೋದವಾಗಿದೆ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಹತ್ತಿರಹತ್ತಿರ ನಾಲ್ಕು ಸಾವಿರ ಸೂತ್ರಗಳಿವೆ. ಅವುಗಳ ಕ್ರಮವು ಅನ್ಯಾದೃಶವಾದುದು: ಮೇಲಿನ ಸೂತ್ರದ ಪದವು ಕೆಳಗಿನದಕ್ಕೆ ತಾನಾಗಿ ಇಳಿದುಬರುತ್ತದೆ, ಸಮಬಲವುಳ್ಳ ಎರಡು ಸೂತ್ರಗಳಿಗೆ ವಿರೋಧ ಬಂದರೆ ಮುಂದಿನದು ಗೆಲ್ಲುತ್ತದೆ. ಒಂದನ್ನು ಆಚೀಚೆ ಸರಿಸಿದರೆ ಕಟ್ಟಡವೇ ಅಲುಗುವುದು. ಆದರೆ ಒಂದು ಶಬ್ದರೂಪವನ್ನು ಸಾಧಿಸಬೇಕಾದರೆ ಒಂದನೆಯ ಅಧ್ಯಾಯದಿಂದ ಎಂಟನೆಯದಕ್ಕೆ, ಅಲ್ಲಿಂದ ಆರನೆಯದಕ್ಕೆ ಹಾರಬೇಕು. ಹದಿನೇಳನೆಯ ಶತಮಾನದಲ್ಲಿ ಭಟ್ಟೋಜಿದೀಕ್ಷಿತರು ಅದೇ ಸೂತ್ರಗಳನ್ನು ಬಿಡಿಸಿ, ಸಂಧಿಗೆ ಬೇಕಾದುವನ್ನು ಸಂಧಿಯಲ್ಲಿಯೂ ಸಮಾಸಕ್ಕೆ ಬೇಕಾದುವನ್ನು ಸಮಾಸದಲ್ಲಿಯೂ ಕೂಡಿಸಿ ಸಿದ್ಧಾಂತಕೌಮುದಿಯನ್ನು ರಚಿಸಿದರು. ಅವರ ಶಿಷ್ಯರಾದ ವರದರಾಜರು ಅದನ್ನೂ ಸಂಕ್ಷೇಪಿಸಿ ಬಾಲರಿಗೆಂದು ಲಘುಕೌಮುದಿಯನ್ನು ಬರೆದರು. ಸೂತ್ರಗಳು ಅವೇ, ಕ್ರಮ ಬೇರೆ. ಒಂದು ಶಾಸ್ತ್ರವನ್ನು ಹಿಡಿದಿಡುವ ಕ್ರಮ; ಇನ್ನೊಂದು ಶಾಸ್ತ್ರದೊಳಗೆ ಪ್ರವೇಶಿಸುವ ಕ್ರಮ. ಕಂಪ್ಯೂಟರ್ ಭಾಷೆಗಳ ಅಧಿಕೃತ ಕೈಪಿಡಿಗಳು ಬಹುಮಟ್ಟಿಗೆ ಮೊದಲನೆಯ ಜಾತಿಯವು. ಹೊಸಬರು ಅವುಗಳನ್ನು ಮೊದಲ ಪುಟದಿಂದ ಓದಲು ಹೊರಟು, ತಮಗೆ ತಲೆಯಿಲ್ಲವೆಂದು ಅಳುವರು.

ಹುಡುಗಿಗೆ ದಾರಿ ತೋರಿದವಳು ಉಡುಪಿಯ ಸಾಫ್ಟ್‌ವೇರ್ ಕಛೇರಿಯೊಂದರಲ್ಲಿದ್ದ ನೆರೆಮನೆಯ ಹೆಂಗಸು. ಅವಳು ಯಾವ ಕೋರ್ಸಿನ ಹೆಸರನ್ನೂ ಹೇಳಲಿಲ್ಲ. "ಅಕ್ಕ, ನಾನಿನ್ನು ಯಾವುದಕ್ಕೆ ಸೇರಲಿ?" ಎಂದು ಕೇಳಿದುದಕ್ಕೆ, "ಯಾವುದಕ್ಕೂ ಬೇಡ. ನಿನಗೆ ಬೇಕಾದ ಕೆಲಸದ ಇಪ್ಪತ್ತು ಜಾಹೀರಾತು ಓದು. ಮತ್ತೆ ಮತ್ತೆ ಬರುವ ಶಬ್ದಕ್ಕೆ ಗೆರೆ ಎಳೆದುಕೊಂಡು ಬಾ" ಎಂದಳು. ಲೆಕ್ಕದ ವರದಿಗಳನ್ನು ಸಿದ್ಧಪಡಿಸುವ ಕೆಲಸಗಳಿಗೆ ಹೆಚ್ಚಾಗಿ ಕೇಳಿದ್ದು ಎಕ್ಸೆಲ್, ಎಸ್.ಕ್ಯೂ.ಎಲ್., ಆಮೇಲೆ ಪೈಥಾನ್. ಮೆಷೀನ್ ಲರ್ನಿಂಗ್ ಎಂಬುದು ಕೆಲವೆಡೆ ಕೊನೆಯ ಸಾಲಿನಲ್ಲಿ, ಇದ್ದರೆ ಒಳ್ಳೆಯದೆಂಬಂತೆ ಕುಳಿತಿದ್ದಿತು. ಬಳೆಗಳು ಅಡವಿಗೆ ಬಿದ್ದುದು ಆ ಕೊನೆಯ ಸಾಲಿಗಾಗಿ.

ಹೀಗೆ ಆರಿಸುವುದು ಕೊನೆಯಿಂದ, ಕಲಿಯುವುದು ಮೊದಲಿನಿಂದ ಎಂಬುದು ಅವಳಿಗೆ ಗೋಚರವಾಯಿತು. ಈ ಎರಡನ್ನೂ ಕೂಡಿಸಿ ಯೋಚಿಸಿದವರು ದೇಶದಲ್ಲಿ ಇಲ್ಲದಿಲ್ಲ. ಮದ್ರಾಸಿನ ಐ.ಐ.ಟಿ.ಯು 2021ರಲ್ಲಿ ಮನೆಯಲ್ಲಿಯೇ ಕಲಿಯತಕ್ಕವರಿಗಾಗಿ ಆರಂಭಿಸಿದ ಡೇಟಾ ಸೈನ್ಸ್ ಪದವಿಯಲ್ಲಿ ಪೈಥಾನ್ ಭಾಷೆಗಿಂತ ಮುಂಚೆ ಗಣನಾತ್ಮಕ ಚಿಂತನೆಯೆಂಬ ಪಾಠವನ್ನು ಇಟ್ಟಿದ್ದಾರೆ. ಯಂತ್ರದ ಭಾಷೆಯೊಂದನ್ನೂ ಬಳಸದೆ, ಅಂಕಪಟ್ಟಿಯೋ ಅಂಗಡಿಯ ಬಿಲ್ಲೋ ಬರೆದ ಚೀಟಿಗಳ ಕಟ್ಟನ್ನು ಒಂದೊಂದಾಗಿ ತೆಗೆದು ಎಣಿಸುವುದು, ಹೋಲಿಸುವುದು, ಬೇರ್ಪಡಿಸುವುದು ಅದರಲ್ಲಿ ಅಭ್ಯಾಸ. ಅಷ್ಟು ದೀರ್ಘವಾದ ಪದವಿಗೆ ಕಾಲವಿಲ್ಲದವರಿಗೆ, ಐ.ಐ.ಟಿ.ಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ತೊಡಗಿದ ಎನ್.ಪಿ.ಟಿ.ಇ.ಎಲ್. ಯೋಜನೆಯ ನಾಲ್ಕು, ಎಂಟು, ಹನ್ನೆರಡು ವಾರಗಳ ಪಾಠಗಳಿವೆ. ಕೇಳುವುದಕ್ಕೆ ಹಣ ಬೇಡ. ಪರೀಕ್ಷೆಗೆ ಕೂರುವುದಾದರೆ ಮಾತ್ರ ಶುಲ್ಕ. ಬಳೆಗಳನ್ನು ಅಡವಿಡುವ ಮುಂಚೆ ಇದನ್ನು ಹೇಳುವವರು ಯಾರಾದರೂ ಇದ್ದಿದ್ದರೆ!

ಎಕ್ಸೆಲ್ ಅವಳಿಗೆ ಬರುತ್ತಿದ್ದಿತು. ಆದುದರಿಂದ ನೇರವಾಗಿ ಎಸ್.ಕ್ಯೂ.ಎಲ್. ಹಿಡಿದಳು. ಕೋಷ್ಟಕಗಳನ್ನು ಪ್ರಶ್ನಿಸುವುದಕ್ಕಾಗಿಯೇ ಹುಟ್ಟಿದ ಭಾಷೆ ಅದು. ಅಲ್ಲಿಯೂ ಒಂದು ವಿಚಿತ್ರ ಎದುರಾಯಿತು. ವಾಕ್ಯದಲ್ಲಿ ಮೊದಲು ಬರೆಯುವುದು ಏನನ್ನು ತೋರಿಸಬೇಕೆಂಬ ಸೆಲೆಕ್ಟ್ ಪದವನ್ನು. ಆದರೆ ಅರ್ಥವು ಹೊರಡುವುದು ಯಾವ ಕೋಷ್ಟಕದಿಂದ ಎಂಬ ಫ್ರಮ್ ಪದದಿಂದ. ಆಮೇಲೆ ವೇರ್ ಎಂಬ ನಿಬಂಧನೆ, ಆಮೇಲೆ ಗ್ರೂಪ್ ಬೈ ಎಂಬ ಗುಂಪು, ಅವೆಲ್ಲ ಮುಗಿದ ಮೇಲೆ ಸೆಲೆಕ್ಟಿನ ಸರದಿ. ಅವಳು ಇದನ್ನು ಕಾರ್ಕಳಕ್ಕೆ ಹೋದಾಗ ಹೇಳಲು, ಮಾವನವರು ಕುಳಿತಲ್ಲಿಂದ ಎದ್ದರು. "ಇದು ಅನ್ವಯವಲ್ಲವೆ! ಶ್ಲೋಕದಲ್ಲಿ ಪದಗಳು ಛಂದಸ್ಸಿಗೆ ಬೇಕಾದಲ್ಲಿ ಇರುತ್ತವೆ. ಅರ್ಥ ಮಾಡುವವನು ಕ್ರಮ ಹಿಡಿದು ಜೋಡಿಸಿಕೊಳ್ಳಬೇಕು. ಇದನ್ನು ಮೊದಲೇ ಹೇಳಿದ್ದರೆ ನಾನು ಆ ಸಿ ಎಂಬುದರ ಹೆಸರನ್ನೇ ಎತ್ತುತ್ತಿರಲಿಲ್ಲ" ಎಂದರು. ಸಿ ಭಾಷೆಯ ವಿಷಯದಲ್ಲಿ ಅವರು ಒಪ್ಪಿಕೊಂಡುದು ಅಷ್ಟೇ.

ಒಂದು ಪಾಠದಿಂದ ಕೈಗೊಂದು ಕೆಲಸ ಹುಟ್ಟದೆ ಇನ್ನೊಂದಕ್ಕೆ ಹೋಗಕೂಡದೆಂದು ನೆರೆಮನೆಯಾಕೆಯ ಕಟ್ಟಪ್ಪಣೆ. ಸಂಘದ ಸದಸ್ಯರ ಲೆಕ್ಕವನ್ನು ಹೊರಗೆ ತರುವುದು ಧರ್ಮವಲ್ಲವಾದುದರಿಂದ, ಹುಡುಗಿಯು ಕಲ್ಪಿತವಾದ ಹೆಸರುಗಳಿಂದ ಠೇವಣಿಗಳ ಒಂದು ಕೋಷ್ಟಕವನ್ನೂ ನಾಮಿನಿಗಳ ಇನ್ನೊಂದನ್ನೂ ಮಾಡಿಕೊಂಡಳು. ಈಗ ಕೇಳಿದರೆ ಪ್ರೋಗ್ರಾಮನ್ನು ತಾನೇ ಬರೆದುಕೊಡುವ ಯಂತ್ರಗಳೂ ಬಂದಿವೆಯಷ್ಟೆ. ಎರಡು ಕೋಷ್ಟಕಗಳನ್ನು ಕೂಡಿಸುವ ವಾಕ್ಯವನ್ನು ಅವಳು ಅಂಥದೊಂದರಿಂದ ಬರೆಸಿದಳು. ಒಟ್ಟು ಮೊತ್ತವು ಕಣ್ಣಿಗೆ ಚೆಂದವಾಗಿಯೇ ಕಂಡಿತು, ಆದರೆ ಹೆಚ್ಚು. ಲೆಕ್ಕದವಳಾದುದರಿಂದ ಸಂಶಯ ಬಂದಿತು. ಇಬ್ಬರು ನಾಮಿನಿಗಳುಳ್ಳ ಸದಸ್ಯನ ಠೇವಣಿಯು ಕೋಷ್ಟಕಗಳು ಕೂಡಿದಾಗ ಎರಡು ಸಾಲಾಗಿ, ಎರಡು ಬಾರಿ ಎಣಿಕೆಗೆ ಬಂದಿದ್ದಿತು. ಒಂದು ಸಂಜೆ ಪೂರ್ತಿ ಕುಳಿತು ಅವಳು ಅದನ್ನು ಕಂಡುಹಿಡಿದಳು. ನಾಲ್ಕು ಸರ್ಟಿಫಿಕೇಟುಗಳು ಕೊಡದಿದ್ದ ಸಂತೋಷವನ್ನು ಆ ಒಂದು ತಪ್ಪು ಕೊಟ್ಟಿತು.

ಪೈಥಾನ್ ಅದಾದ ಮೇಲೆ ಬಂದಿತು. ಹಿಂದೆ ಮಂತ್ರದಂತೆ ಟೈಪು ಮಾಡಿದ್ದ ಹತ್ತು ಸಾಲುಗಳಲ್ಲಿ ಏಳು ಈಗ ತಾವಾಗಿ ಅರ್ಥವಾದುವು; ಉಳಿದ ಮೂರಕ್ಕೆ ಗಣಿತ ಬೇಕೆಂದು ತಿಳಿಯಿತು. ಆ ಗಣಿತವನ್ನು ಅವಳು ಸದ್ಯಕ್ಕೆ ಬದಿಗಿಟ್ಟಿದ್ದಾಳೆ.

ಮಣಿಪಾಲದ ಒಂದು ಕಛೇರಿಯವರು ವರದಿಗಳನ್ನು ಸಿದ್ಧಪಡಿಸುವುದಕ್ಕೆ ಅವಳನ್ನು ಆರು ತಿಂಗಳ ಮಟ್ಟಿಗೆ ತೆಗೆದುಕೊಂಡಿರುವರು. ಸರ್ಟಿಫಿಕೇಟುಗಳನ್ನು ಯಾರೂ ಕೇಳಲಿಲ್ಲವಂತೆ. ನಾಮಿನಿಗಳ ಕಥೆಯನ್ನು ಕೇಳಿದರಂತೆ. ಮೊದಲನೆಯ ಸಂಬಳ ಬಂದ ರಾತ್ರಿ ಅವಳು ಅಡವಿನ ಸಾಲಕ್ಕೆ ಒಂದು ಚಿಕ್ಕ ಪ್ರೋಗ್ರಾಮನ್ನು ಬರೆದಳು: ತಿಂಗಳಿಗೆ ಇಷ್ಟು ಕಟ್ಟಿದರೆ ಬಡ್ಡಿಯೆಷ್ಟು, ಅಸಲೆಷ್ಟು, ಬಳೆಗಳು ಬರುವುದು ಯಾವಾಗ. ಹದಿನಾಲ್ಕು ತಿಂಗಳೆಂದು ಪರದೆಯ ಮೇಲೆ ಬಿದ್ದಿತು. ತಾಯಿಯು ಹಿಂದೆ ನಿಂತು ನೋಡುತ್ತಿದ್ದವಳು,

"ಸ್ವಲ್ಪ ಹೆಚ್ಚು ಕಟ್ಟುವುದೆಂದು ಬರೆದು ನೋಡು, ಮಗಾ. ಬರುವ ವರ್ಷದ ಚೌತಿಗೆ ಕೈಯಲ್ಲಿರಬೇಕು" ಎಂದಳು.

ಹುಡುಗಿಯು ಒಂದು ಅಂಕೆಯನ್ನು ಬದಲಿಸಿ ಮತ್ತೆ ಓಡಿಸಿದಳು.