ಉಪ್ಪಿನ ಲೆಕ್ಕ

ಸಂವತ್ಸರದ ಕೊನೆಯಲ್ಲಿ ವರ್ತಕನು ಲೆಕ್ಕದ ಪುಸ್ತಕವನ್ನು ಬಿಚ್ಚುವನು. ರೈತನು ಕಣಜದೊಳಗೆ ಇಣುಕಿ ನೋಡುವನು. ಅಡಿಗೆಯ ಮನೆಯ ಒಡತಿಗೆ ಮಾತ್ರ ಹಾಗೆ ಬಿಚ್ಚಿ ನೋಡುವುದಕ್ಕೆ ಏನೂ ಇಲ್ಲ. ಆಕೆ ಮಾಡಿದುದೆಲ್ಲ ಅಂದಂದಿಗೇ ಉಂಡು ಮುಗಿದಿರುತ್ತದೆ. ಎಲೆಯೆತ್ತಿ ನೆಲವನ್ನು ಸಾರಿಸಿದ ಮೇಲೆ ಉಳಿಯುವುದೇನು? ಉಂಡವರ ನೆನಪಿನಲ್ಲಿ ಅಷ್ಟಿಷ್ಟು ರುಚಿ; ಬಡಿಸಿದವಳ ನೆನಪಿನಲ್ಲಿ, ಬಡಿಸದೆ ಹೋದ ಒಂದೆರಡು ಪದಾರ್ಥ.

ವಿಶ್ವಾವಸು ಸಂವತ್ಸರದ ಕಡೆಯ ದಿನ, ಎಂದರೆ 2026ರ ಮಾರ್ಚ್ 18ರ ಅಮಾವಾಸ್ಯೆಯಂದು, ಹಾಸನದ ಒಂದು ಹಳೆಯ ಮನೆಯಲ್ಲಿ ಅಂತಹ ಒಡತಿಯೊಬ್ಬಳು ಅಟ್ಟಣಿಗೆಯ ಜಾಡಿಗಳನ್ನು ಒಂದೊಂದಾಗಿ ಇಳಿಸಿ ಒರೆಸುತ್ತಿದ್ದಳು. ಆಕೆ ಹುಟ್ಟಿದ್ದು 1965ರಲ್ಲಿ ಮೊದಲಾದ ವಿಶ್ವಾವಸುವಿನಲ್ಲಿ. ಅರುವತ್ತು ಹೆಸರುಗಳ ಚಕ್ರವು ಒಂದು ಸುತ್ತು ತಿರುಗಿ ಮತ್ತೆ ಅದೇ ಹೆಸರಿಗೆ ಬಂದಿತ್ತು. ಈಗ ಅದೂ ಮುಗಿಯುತ್ತಿತ್ತು. ಮರುದಿನ ಯುಗಾದಿ. ಆದರೆ ಆ ಮನೆಯಲ್ಲಿ ಬೇಳೆ ಬೇಯಿಸುವ, ಹೂರಣ ರುಬ್ಬುವ ಸಡಗರವಿರಲಿಲ್ಲ. ಆಷಾಢದ ಕೃಷ್ಣಪಕ್ಷದಲ್ಲಿ ಅತ್ತೆಯವರು ತೀರಿಕೊಂಡಿದ್ದರು. ವರ್ಷಾಬ್ದಿಕವಾಗುವವರೆಗೆ ಹಬ್ಬವಿಲ್ಲ. ಗೋಕುಲಾಷ್ಟಮಿಗೆ ಚಕ್ಕಲಿಯ ಒರಳು ಹೊರಗೆ ಬರಲಿಲ್ಲ. ಗೌರಿ ಗಣೇಶರಿಗೆ ಕಡುಬಾಗಲಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲ ನೆರೆಮನೆಯಿಂದ ಬಂದಿತೇ ಹೊರತು ಈ ಮನೆಯಿಂದ ಹೊರಗೆ ಹೋಗಲಿಲ್ಲ. ಬರುವ ಪರಾಭವದಲ್ಲಿಯಾದರೋ ಜ್ಯೇಷ್ಠಕ್ಕೆ ಅಧಿಕಮಾಸ. ಆಷಾಢದ ತಿಥಿಯು ಹದಿಮೂರು ತಿಂಗಳಿಗೆ ಬರುತ್ತದೆ. ಮಾಸಿಕವೂ ಒಂದು ಹೆಚ್ಚು. ಬೇರೆಯವರ ದುಃಖವು ಹನ್ನೆರಡು ತಿಂಗಳಿಗೆ ಮುಗಿದರೆ, ಈ ಮನೆಯ ದುಃಖಕ್ಕೆ ಪಂಚಾಂಗವೇ ಒಂದು ತಿಂಗಳನ್ನು ಸೇರಿಸಿಕೊಟ್ಟಿತ್ತು.

ಹಬ್ಬದ ಅಡಿಗೆ ನಿಂತ ವರ್ಷದಲ್ಲಿ ಆಕೆಯ ಕೈಗೆ ಉಳಿದುದು ಮಾಸಿಕದ ಅಡಿಗೆ. ತಿಂಗಳು ತಿಂಗಳೂ ತಿಥಿಯಂದು ಆಕೆ ಮಡಿಯುಟ್ಟು ಒಲೆ ಹೊತ್ತಿಸುವಳು. ಅಂದು ಮೆಣಸಿನಕಾಯಿ ಒಳಗೆ ಬರುವಂತಿಲ್ಲ, ಖಾರಕ್ಕೆ ಕರಿಮೆಣಸು. ಹಾಸನದ ಸುತ್ತಿನ ಹೊಲಗಳಲ್ಲಿ ಧಾರಾಳವಾಗಿ ಬೆಳೆಯುವ ಆಲೂಗಡ್ಡೆ ಅಂದು ಹೊರಗೆ, ಟೊಮೇಟೊ ಹೊರಗೆ. ಬಾಳೆಯಕಾಯಿ, ಹಾಗಲ, ಉದ್ದಿನ ವಡೆ, ಎಳ್ಳಿನ ಉಂಡೆ ಇವು ಒಳಗೆ. ಇದನ್ನು ಬರಿಯ ಕಟ್ಟಳೆಯೆಂದು ಎಣಿಸುವವರುಂಟು. ಆದರೆ ಇದರಲ್ಲಿ ಒಂದು ಇತಿಹಾಸವೂ ಅಡಗಿದೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊಗಳು ಅಮೆರಿಕದಿಂದ ಕಡಲ ಹಾದಿಯಲ್ಲಿ ಬಂದವು. ಕಲ್ಲಹಳ್ಳಿಯ ಮೂರನೆಯ ಮಂಗರಸನು ಸುಮಾರು 1508ರಲ್ಲಿ ತನ್ನ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದಾಗ ಪೋರ್ತುಗೀಸರು ಗೋವೆಯನ್ನು ಇನ್ನೂ ಹಿಡಿದಿರಲಿಲ್ಲ, ಅದು ಅವರ ವಶವಾದುದು 1510ರಲ್ಲಿ. ಬದನೆ, ಬಾಳೆ, ಹಲಸುಗಳ ಪಾಕಗಳನ್ನು ಅಷ್ಟು ರಸವತ್ತಾಗಿ ಹೇಳಿದ ಆ ಕವಿಯ ಒಲೆಯ ಬಳಿಗೆ ಮೆಣಸಿನಕಾಯಿ ಬಂದಿರಲಿಲ್ಲ. ದಿನದ ಅಡಿಗೆಯು ಹೊಸದನ್ನೆಲ್ಲ ಒಪ್ಪಿಕೊಂಡಿತು. ಪಿತೃಗಳ ಎಲೆ ಮಾತ್ರ ಒಪ್ಪಲಿಲ್ಲ. ಹೀಗೆ ಐನೂರು ವರ್ಷಗಳ ಹಿಂದಿನ ಕನ್ನಡನಾಡಿನ ಅಡಿಗೆಯ ಒಂದು ತುಣುಕು ಶ್ರಾದ್ಧದ ಎಲೆಯ ಮೇಲೆ ಇಂದಿಗೂ ಜೀವದಿಂದಿದೆ.

ಈ ಕಟ್ಟಳೆಯೇ ಆಕೆಯನ್ನು ಒಂದು ಸಂಕಟಕ್ಕೆ ಗುರಿಮಾಡಿತ್ತು. ಅದು ಅಟ್ಟಣಿಗೆಯ ಮೂಲೆಯಲ್ಲಿದ್ದ ಒಂದು ಜಾಡಿಯ ಸಂಗತಿ.

ಹಿಂದಿನ ಫಾಲ್ಗುಣದಲ್ಲಿ ಸಕಲೇಶಪುರದ ಕಡೆಯಿಂದ ಮಾವಿನ ಮಿಡಿ ಬಂದಿತ್ತು. ಎಂಬತ್ತನಾಲ್ಕು ವರ್ಷದ ಅತ್ತೆಯವರು ಜಗಲಿಯಲ್ಲಿ ಕುಳಿತು ಒಂದೊಂದು ಮಿಡಿಯ ತೊಟ್ಟನ್ನೂ ನೋಡಿ ಆರಿಸಿಕೊಟ್ಟಿದ್ದರು. ತೊಟ್ಟು ಕಳಚಿದ ಮಿಡಿಯನ್ನು ಅವರು ಜಾಡಿಗೆ ಸೇರಗೊಡುತ್ತಿರಲಿಲ್ಲ. ಮಿಡಿಯ ಒಂದು ಪದರ, ಕಲ್ಲುಪ್ಪಿನ ಒಂದು ಪದರ. ಕೆಲವು ದಿನಗಳಲ್ಲಿ ಉಪ್ಪು ಮಿಡಿಯ ನೀರನ್ನೆಲ್ಲ ಸೆಳೆದುಕೊಂಡು ಮಿಡಿ ಸುಕ್ಕುಗಟ್ಟಿದ ಮೇಲೆ, ಆ ನೀರನ್ನು ಕಾಯಿಸಿ ಆರಿಸಿ, ಅದರಲ್ಲಿಯೇ ಸಾಸಿವೆ ಮೆಣಸಿನಕಾಯಿಗಳನ್ನು ಅರೆದು ಬೆರೆಸಿದುದಾಯಿತು. ಅಳತೆ ಎಷ್ಟೆಂದರೆ ಅತ್ತೆಯವರು ಬೊಗಸೆಯನ್ನು ತೋರಿಸುವರು. ಸೊಸೆಯು ಮೂವತ್ತೆಂಟು ವರ್ಷ ಆ ಬೊಗಸೆಯನ್ನೇ ನೋಡಿ ಕಲಿತವಳು.

ಆ ಉಪ್ಪಿನಕಾಯಿ ಪಕ್ವವಾಗುವ ಹೊತ್ತಿಗೆ ಅತ್ತೆಯವರ ಕಾಲು ಊದಿಕೊಂಡಿತು, ಉಸಿರು ಕಟ್ಟತೊಡಗಿತು. ವೈದ್ಯರು ಬಂದು ನೋಡಿ, ಹೃದಯ ಬಲಗುಂದಿದೆ, ಉಪ್ಪು ಕಡಮೆ ಮಾಡಿ, ಎಂದರು. ಸೊಸೆಯು ಅಂದಿನಿಂದ ಅವರಿಗೆ ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದೆ ಅಡಿಗೆ ಮಾಡಿದಳು. ತಿಂಗಳೊಪ್ಪತ್ತು ಸಪ್ಪೆಯ ಸಾರು, ಸಪ್ಪೆಯ ಪಲ್ಯ. ಮುದುಕಿ ಗೊಣಗಲಿಲ್ಲ. ಒಂದು ಮಧ್ಯಾಹ್ನ ಮಾತ್ರ, ಮೊಸರನ್ನದ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು, “ಒಂದೇ ಒಂದು ಮಿಡಿ ಕೊಡೇ. ಬಾಯೆಲ್ಲ ಮಣ್ಣಾಗಿದೆ” ಎಂದು ಕೇಳಿದರು.

“ಬೇಡ ಅತ್ತೆ. ಡಾಕ್ಟರು ಬೇಡ ಅಂದಿದ್ದಾರೆ.”

“ತಿನ್ನೋದಿಲ್ಲ ಬಿಡು. ಚೀಪಿ ಇಟ್ಟುಬಿಡ್ತೀನಿ.”

ಸೊಸೆಯು ಜಾಡಿಯನ್ನು ಕಣ್ಣಿಗೆ ಕಾಣದಂತೆ ಅಟ್ಟಣಿಗೆಯ ಮೇಲಕ್ಕೆ ಏರಿಸಿದಳು. ಅದಾದ ಐದನೆಯ ದಿನ ಅತ್ತೆಯವರು ಹೋದರು.

ಆ ಬಳಿಕ ಜಾಡಿ ಕೆಳಗೆ ಇಳಿಯಲಿಲ್ಲ. ಶೋಕದಿಂದ ಬಿಟ್ಟಿದ್ದಾಳೆಂದು ಮನೆಯವರು ತಿಳಿದರು. ಕಾರಣವು ಅಷ್ಟೇ ಆಗಿರಲಿಲ್ಲ. ಹೋದವರಿಗೆ ಪ್ರಿಯವಾದುದನ್ನು ಎಲೆಗೆ ಬಡಿಸಬೇಕೆನ್ನುವರು. ಆದರೆ ಮೆಣಸಿನಕಾಯಿ ಸೇರಿದ ಮಿಡಿಗೆ ಆ ಎಲೆಯ ಮೇಲೆ ಸ್ಥಳವಿಲ್ಲ. ಬದುಕಿದ್ದಾಗ ವೈದ್ಯರ ಹೆಸರಿನಲ್ಲಿ ತಪ್ಪಿಸಿದುದನ್ನು, ಹೋದ ಮೇಲೆ ಶಾಸ್ತ್ರದ ಹೆಸರಿನಲ್ಲಿ ತಪ್ಪಿಸಬೇಕಾಯಿತು. ಒಂದೊಂದು ಮಾಸಿಕದಲ್ಲಿಯೂ ಎಲೆಯ ಆ ಮೂಲೆ ಬರಿದಾಗಿ ಕಾಣುವುದು ಆಕೆಯೊಬ್ಬಳಿಗೆ ಮಾತ್ರ.

ಮಾಘದಲ್ಲಿ ಬೆಂಗಳೂರಿನಿಂದ ಮಗನೂ ಸೊಸೆಯೂ ಬಂದಿದ್ದರು. ಈ ಹೊಸ ಸೊಸೆ ದೂರವಾಣಿಯಲ್ಲಿ ಅಡಿಗೆಯನ್ನು ಕೇಳಿದಾಗಲೆಲ್ಲ “ಉಪ್ಪು ಎಷ್ಟು, ಅತ್ತೆ?” ಎನ್ನುವಳು, “ರುಚಿಗೆ ತಕ್ಕಷ್ಟಮ್ಮ” ಎಂಬುದು ಸಿದ್ಧವಾದ ಉತ್ತರ. ಈ ಸಲ ಅವಳು ಅಂಗೈಯಗಲದ ಒಂದು ತಕ್ಕಡಿಯನ್ನೇ ತಂದಳು. ಅತ್ತೆಯು ಉಪ್ಪು ಹಾಕುವುದಕ್ಕೆ ಮುಂಚೆ ಪ್ರತಿಸಲವೂ ಅದನ್ನು ತೂಗಿ ಬರೆದುಕೊಂಡಳು. ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಮಜ್ಜಿಗೆಯವರೆಗೆ, ನಾಲ್ವರಿಗೆ, 38 ಗ್ರಾಂ ಆಯಿತು. ತಲೆಗೆ ಒಂಬತ್ತೂವರೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಮೆ, ಎಂದರೆ ಸುಮಾರು ಒಂದು ಟೀ ಚಮಚೆಯಷ್ಟು. ಮನೆಯ ಯಜಮಾನರಿಗೆ ಆಗಲೇ ರಕ್ತದ ಒತ್ತಡವಿತ್ತು. ಅವರನ್ನು ನೋಡುತ್ತಿದ್ದ ವೈದ್ಯರೂ ಅದೇ ಮಾತನ್ನು ಹೇಳಿದ್ದರು: ಉಪ್ಪು ಕಡಮೆ ಮಾಡಿ.

ಆ ರಾತ್ರಿ ಆಕೆಗೆ ನಿದ್ರೆ ಬರಲಿಲ್ಲ. ವೈದ್ಯರು ಹೇಳಿದುದು ‘ಕಡಮೆ’ ಎಂದು. ತಾನು ಕೇಳಿಸಿಕೊಂಡುದು ‘ಬೇಡ’ ಎಂದು. ಎಷ್ಟು ಕಡಮೆ ಎಂದು ತಾನು ತಿರುಗಿ ಕೇಳಬಹುದಾಗಿತ್ತು. ಸಾರಿನಲ್ಲಿ ಇಷ್ಟು ತೆಗೆದು, ಪಲ್ಯದಲ್ಲಿ ಇಷ್ಟು ತೆಗೆದು, ಆ ಉಳಿತಾಯದಲ್ಲಿ ಮಿಡಿಯ ಒಂದು ಚೂರಿಗೆ ಎಡೆ ಮಾಡಬಹುದಾಗಿತ್ತೇನೋ. ಹಾಗೆ ಮಾಡಬೇಕಾದರೆ ದಿನವೂ ಅಳೆಯಬೇಕು, ಯೋಚಿಸಬೇಕು, ಜವಾಬ್ದಾರಿ ಹೊರಬೇಕು. ಬೇಡವೆಂದರೆ ಒಂದೇ ಮಾತಿಗೆ ಮುಗಿಯಿತು. ತಾನು ಅದನ್ನು ಪ್ರೀತಿಯೆಂದು ತಿಳಿದಿದ್ದಳು. ಅದರಲ್ಲಿ ಪ್ರೀತಿ ಇರಲಿಲ್ಲವೆಂದೂ ಅಲ್ಲ. ಆದರೆ ಅದರೊಡನೆ ಭಯವೂ, ಸ್ವಲ್ಪಮಟ್ಟಿಗೆ ಸುಲಭವನ್ನು ಬಯಸುವ ಆಲಸ್ಯವೂ ಬೆರೆತಿದ್ದುವು. ಇದನ್ನು ಒಪ್ಪಿಕೊಳ್ಳುವುದಕ್ಕೆ ಆಕೆಗೆ ಏಳು ತಿಂಗಳು ಹಿಡಿಯಿತು.

ಅಮಾವಾಸ್ಯೆಯಂದು ಆಕೆ ಆ ಜಾಡಿಯನ್ನೂ ಇಳಿಸಿದಳು. ಬಾಯಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿದಾಗ ಸಾಸಿವೆಯ ಘಾಟು ಮೂಗಿಗೆ ಬಡಿಯಿತು. ಮಿಡಿ ಕೆಟ್ಟಿರಲಿಲ್ಲ. ತೊಟ್ಟುಗಳು ಆರಿಸಿಕೊಟ್ಟವರ ಕೈಯಲ್ಲಿ ಇದ್ದಂತೆಯೇ ಇದ್ದುವು. ಆಕೆ ಒಂದು ಮಿಡಿಯನ್ನು ತೆಗೆದು ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಚೀಪಿದಳು.

ಮರುದಿನ ನೆರೆಮನೆಯಿಂದ ಹೋಳಿಗೆ ಬಂದಿತು. ಮಗನೂ ಸೊಸೆಯೂ ಹಿಂದಿನ ಸಂಜೆಯೇ ಬಂದಿದ್ದರು. ಬೆಳಿಗ್ಗೆ ಒಲೆ ಹೊತ್ತಿಸುವ ಮುನ್ನ ಆಕೆ ಒಂದು ಕಿರುಬಟ್ಟಲನ್ನು ತಕ್ಕಡಿಯ ಮೇಲಿಟ್ಟು, ನಾಲ್ವರಿಗೆ ದಿನಕ್ಕೆ ಸಲ್ಲುವಷ್ಟು ಉಪ್ಪನ್ನು ತೂಗಿದಳು. ಅದರಲ್ಲಿ ಮಿಡಿಗೆಂದು ಒಂದು ಪಾಲನ್ನು ಮೊದಲೇ ತೆಗೆದು ಬೇರೆ ಇಟ್ಟಳು. ಆ ದಿನದ ಅಡಿಗೆಯೆಲ್ಲ ಆ ಬಟ್ಟಲಿನೊಳಗೆ ನಡೆಯಬೇಕು. ಸಾರು ಸ್ವಲ್ಪ ಸಪ್ಪೆಯಾಯಿತು. ನಿಂಬೆಯ ಹುಳಿಯೂ ಕರಿಮೆಣಸೂ ಆ ಕೊರತೆಯನ್ನು ಸಾಕಷ್ಟು ಮುಚ್ಚಿದುವು. ಕಡೆಯಲ್ಲಿ ಮೊಸರನ್ನಕ್ಕೆ ಎಲ್ಲರ ಎಲೆಗೂ ಮಿಡಿಯ ಒಂದೊಂದು ಚೂರು ಬಿದ್ದಿತು. ಯಜಮಾನರು ತಲೆಯೆತ್ತಿ, “ಅಮ್ಮ ಆರಿಸಿದ್ದಲ್ಲವೆ ಇದು?” ಎಂದರು. ಆಕೆ, “ಹೌದು” ಎಂದಳು.

ಸೊಸೆ ಊಟದ ಮೇಲೆ ಪುಸ್ತಕವನ್ನು ತಂದು, ಮಿಡಿಗೆ ಉಪ್ಪಿನ ಅಳತೆಯನ್ನು ಕೇಳಿದಳು. ಆಕೆ ರುಚಿಗೆ ತಕ್ಕಷ್ಟೆನ್ನಲಿಲ್ಲ. ಕಲ್ಲುಪ್ಪನ್ನು ಅತ್ತೆಯವರಂತೆ ಬೊಗಸೆಯಲ್ಲಿ ತುಂಬಿಕೊಂಡು ಬಂದು ತಕ್ಕಡಿಯ ತಟ್ಟೆಗೆ ಸುರಿದಳು. “ಇಷ್ಟು. ಬರೆದುಕೊ” ಎಂದಳು.

ರಾತ್ರಿ ಪಾತ್ರೆಗಳನ್ನು ತೊಳೆಯುವಾಗ ಕಿರುಬಟ್ಟಲಿನ ತಳದಲ್ಲಿ ಒಂದು ಚಿಟಿಕೆ ಉಪ್ಪು ಉಳಿದಿತ್ತು. ಆಕೆ ಅದನ್ನು ಉಪ್ಪಿನ ಮರಿಗೆಗೆ ಹಿಂದಕ್ಕೆ ಹಾಕಲಿಲ್ಲ. ಬಟ್ಟಲಿನಲ್ಲಿಯೇ ಬಿಟ್ಟು, ಮೇಲೊಂದು ತಟ್ಟೆಯನ್ನು ಮುಚ್ಚಿ, ದೀಪವಾರಿಸಿದಳು.