ದೋಣಿಗೆ ತಕ್ಕ ಗಾಡಿ

ನಮ್ಮ ಮಾವ ಮಿನೆಸೋಟಕ್ಕೆ ಬಂದಿದ್ದ ವರ್ಷದ ಕಥೆ ಇದು. ಮಾವ ಅಂದರೆ ನನ್ನ ಹೆಂಡತಿಯ ತಂದೆ. ಊರು ಕುಂದಾಪುರದ ಹತ್ತಿರದ ಗಂಗೊಳ್ಳಿ, ಪಂಚಗಂಗಾವಳಿ ಸಮುದ್ರ ಸೇರುವ ಜಾಗ. ಅವರ ಅಪ್ಪ ದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದವರು. ಮಾವ ಮಾತ್ರ ಮೀಸೆ ಮೂಡುವ ಮೊದಲೇ ಪೇಟೆಯ ವೆಲ್ಡಿಂಗ್ ಶಾಪಿಗೆ ಸೇರಿದರು. ಆಮೇಲೆ ಸ್ವಂತ ಶಾಪು ಹಾಕಿ ಗೇಟು, ಕಿಟಕಿ ಗ್ರಿಲ್ಲು, ಲಾರಿ ಬಾಡಿ, ಟೆಂಪೋಗಳ ಕಮಾನ್ ಪಟ್ಟಿ ಎನ್ನುತ್ತ ನಾಲ್ಕು ಮಕ್ಕಳನ್ನು ಓದಿಸಿದರು. ಅಂಥವರು ಮಗಳ ಮನೆಗೆ ಬಂದು ಇಳಿದದ್ದು ಏಪ್ರಿಲ್‌ನಲ್ಲಿ. ರಸ್ತೆ ಬದಿಯಲ್ಲಿ ಇನ್ನೂ ಹಿಮದ ಗುಡ್ಡೆಗಳಿದ್ದವು. ಬೆಳಿಗ್ಗೆ ಎದ್ದರೆ ಮಾಡಲು ಕೆಲಸವಿಲ್ಲ, ಮಾತಾಡಲು ಜನವಿಲ್ಲ. ಟೀವಿ ಅವರಿಗೆ ಸೇರದು. ಕಿಟಕಿಯ ಪಕ್ಕ ನಿಂತು, ಮುಚ್ಚಿದ ಗ್ಯಾರೇಜುಗಳನ್ನು ನೋಡುತ್ತಿದ್ದರು.

ಪಕ್ಕದ ಮನೆಯ ಗ್ಯಾರೇಜು ತೆರೆದ ದಿನ ಎಲ್ಲ ಬದಲಾಯಿತು.

ಆ ಮನೆಯ ಹಿರಿಯರು ಅಂಚೆ ಹಂಚುತ್ತಿದ್ದು ನಿವೃತ್ತರಾದವರು, ಎಪ್ಪತ್ತು ದಾಟಿದ ಒಂಟಿ ಜೀವ. ಅವರದ್ದೊಂದು 14 ಅಡಿಯ ಅಲ್ಯೂಮಿನಿಯಂ ದೋಣಿ. ಅದನ್ನು ಹೊರುತ್ತಿದ್ದ ಟ್ರೇಲರಿನ ಚೌಕಟ್ಟು ರಸ್ತೆಗೆ ಸುರಿಯುವ ಉಪ್ಪು ತಿಂದು ತಿಂದು ತುಕ್ಕಿಗೆ ತೂತು ಬಿದ್ದಿತ್ತು. ಯಾರೋ ಮಾರಿದ ಹಳೆಯ ಟ್ರೇಲರೊಂದನ್ನು ಕೊಂಡು ತಂದಿದ್ದರು. ಕಬ್ಬಿಣಕ್ಕೆ ಸತುವಿನ ಲೇಪ ಇದ್ದ ಗಟ್ಟಿ ಚೌಕಟ್ಟು, ಟಯರೂ ಚೆನ್ನಾಗಿದ್ದವು. ಆದರೆ ಅದು 17 ಅಡಿಯ ಫೈಬರ್ ದೋಣಿಗೆಂದು ಮಾಡಿದ್ದು. ಮಿನೆಸೋಟದಲ್ಲಿ ಮೇ ತಿಂಗಳ ನಡುವಿನ ಒಂದು ಶನಿವಾರ ವಾಲೈ ಮೀನು ಹಿಡಿಯುವ ಕಾಲ ಶುರುವಾಗುತ್ತದೆ. ಹತ್ತು ಎಕರೆಗಿಂತ ದೊಡ್ಡದಾದ ಕೆರೆಗಳೇ 11,842 ಇರುವ ರಾಜ್ಯ ಅದು. ಆ ಶನಿವಾರ ಅಲ್ಲಿನವರಿಗೆ ಹಬ್ಬ. ಹಬ್ಬ ಹತ್ತಿರ ಬಂದಿತ್ತು, ದೋಣಿಗೆ ಗಾಡಿ ಇರಲಿಲ್ಲ.

ದೋಣಿಯನ್ನು ಆ ಟ್ರೇಲರಿನ ಮೇಲೆ ಇಟ್ಟು ನೋಡಿದ್ದರು. ಮೂತಿ ಮುಂದಿನ ವಿಂಚ್ ಕಂಬಕ್ಕೆ ತಾಗಿದಾಗ ಬಾಲ, ದೋಣಿ ಹೊರುವ ಹಲಗೆಗಳ ತುದಿಯಿಂದ ಮೂರಡಿ ಒಳಗೇ ಉಳಿಯುತ್ತಿತ್ತು. ಮೋಟರಿನ ಕಾಲು ಇಳಿಸಿದರೆ ಹಿಂದಿನ ಅಡ್ಡಪಟ್ಟಿಗೆ ಬಡಿಯುವುದು ಖಂಡಿತ. ಫೈಬರ್ ದೋಣಿಯ ಹೊಟ್ಟೆ ಆಳ, ಇದರದ್ದು ಚಪ್ಪಟೆ. ಹಾಗಾಗಿ ಹಲಗೆಗಳ ಹೊರಅಂಚು ಮಾತ್ರ ದೋಣಿಗೆ ತಾಗುತ್ತಿತ್ತು. ನಾನು ಬೇಲಿಯಾಚೆಯಿಂದ ಮಾತಾಡಿಸುತ್ತಿದ್ದಾಗ ಮಾವ ಯಾವಾಗ ಹೊರಬಂದರೋ ತಿಳಿಯಲಿಲ್ಲ. ಸ್ವೆಟರಿನ ಮೇಲೆ ನನ್ನ ಜಾಕೆಟ್ಟು ಹಾಕಿಕೊಂಡು, ಟ್ರೇಲರಿನ ಸುತ್ತ ಒಂದು ಸುತ್ತು ಬಂದು, ಚೌಕಟ್ಟಿನ ಮೇಲೆ ಮೈಭಾರ ಬಿಟ್ಟು ಒತ್ತಿ ನೋಡಿದರು. ಅದು ಕದಲಲಿಲ್ಲ.

"ಹ್ವಾಯ್, ದೋಣಿ ಕೆಳ್ಗ್ ಇಳ್ಸಿ ಮಗ್ಚಿ ಹಾಕ್ಕ್. ಅಡಿ ಕಾಣ್ದೆ ಗಾಡಿ ಮುಟ್ಟುಕಾಗ," ಅಂದರು ನನಗೆ.

ಹಿರಿಯರಿಗೆ ಅನುವಾದ ಮಾಡಿ ಹೇಳಿದೆ. ಅವರು ಒಂದು ಕ್ಷಣ ಮಾವನ ಕೈಗಳನ್ನು ನೋಡಿದರು. ಕಿಡಿ ಹಾರಿ ಚುಕ್ಕೆ ಚುಕ್ಕೆ ಸುಟ್ಟ ಕೈಗಳು. "ಸರಿ, ಅವರು ಹೇಳಿದ ಹಾಗೇ ಮಾಡೋಣ," ಅಂದರು.

ಮೋಟರು ಬಿಚ್ಚಿದ ಮೇಲೆ ದೋಣಿಯ ತೂಕ ಹೆಚ್ಚುಕಡಿಮೆ 220 ಪೌಂಡ್, ನೂರು ಕಿಲೋ. ಮೂವರೂ ಸೇರಿ ಹುಲ್ಲಿನ ಮೇಲೆ ಮಗುಚಿದೆವು. ಅಡಿ ನೋಡಿದಾಗ ಗೊತ್ತಾಯಿತು ಮಾವ ಯಾಕೆ ಹಾಗೆ ಹೇಳಿದ್ದೆಂದು. ತುಕ್ಕು ಹಿಡಿದ ಮೊದಲಿನ ಟ್ರೇಲರಿನ ಹಲಗೆ ತಾಗುತ್ತಿದ್ದಲ್ಲೆಲ್ಲ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ಎದ್ದು, ಸಾಸಿವೆ ಕಾಳಿನಷ್ಟು ಗುಳಿಗಳು ಬಿದ್ದಿದ್ದವು. ಅಲ್ಲಿ ಹಾಕಿದ್ದು ಗೆದ್ದಲು, ಕೊಳೆ ಹಿಡಿಯದಿರಲೆಂದು ರಾಸಾಯನಿಕ ಕುಡಿಸಿದ ಹಸಿರು ಛಾಯೆಯ ಮರ. ಅದರೊಳಗೆ ತಾಮ್ರ ಇರುತ್ತದೆ. 2004ರಿಂದೀಚೆಗೆ ಮನೆಬಳಕೆಗೆ ಬರುವ ಇಂಥ ಮರದಲ್ಲಿ ತಾಮ್ರದ ಪಾಲು ಇನ್ನೂ ಹೆಚ್ಚು. ತಾಮ್ರ, ಅಲ್ಯೂಮಿನಿಯಂ, ನಡುವೆ ಹಲಗೆಗೆ ಹೊದಿಸಿದ ಒದ್ದೆ ಕಾರ್ಪೆಟ್ಟು ಸೇರಿದರೆ ಸವೆಯುವುದು ಅಲ್ಯೂಮಿನಿಯಮ್ಮೇ. ಮಾವನಿಗೆ ಈ ರಸಾಯನ ಶಾಸ್ತ್ರ ಗೊತ್ತಿರಲಿಲ್ಲ. ಆದರೆ ಕಡಲ ಬದಿಯ ಮನೆಗಳಿಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಕೂರಿಸಿ, ಬೇರೆ ಲೋಹದ ಸ್ಕ್ರೂ ಹಾಕಿದಲ್ಲೆಲ್ಲ ಸುತ್ತಲ ಅಲ್ಯೂಮಿನಿಯಂ ಹುಡಿಯಾಗುವುದನ್ನು ಜೀವಮಾನವೆಲ್ಲ ನೋಡಿದ್ದರು. ಬೆರಳಲ್ಲಿ ಬಿಳಿ ಹುಡಿ ಉಜ್ಜಿ, ಹಲಗೆ ತೋರಿಸಿ, ಬೇಡ ಎಂದು ಕೈ ಆಡಿಸಿದರು. ಹಿರಿಯರಿಗೆ ಅರ್ಥವಾಯಿತು.

ಆ ಹೊತ್ತಿನಲ್ಲೇ ಹಿರಿಯರು ದೋಣಿಯ ಚರಿತ್ರೆ ತೆಗೆದದ್ದು. ಅದು ಅಲ್ಯೂಮಾಕ್ರಾಫ್ಟ್ ಕಂಪನಿಯ ದೋಣಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗಾಗಿ ಅಮೆರಿಕದಲ್ಲಿ ಅಲ್ಯೂಮಿನಿಯಂ ಉತ್ಪಾದನೆ ಬಹಳ ಬೆಳೆದಿತ್ತು. ಯುದ್ಧ ಮುಗಿದ ಮೇಲೆ ಆ ತಗಡು, ಆ ರಿವೆಟ್ ಕೆಲಸ ದೋಣಿಗೆ ತಿರುಗಿತು. ವಿಮಾನ ಕಟ್ಟುತ್ತಿದ್ದ ಗ್ರಮ್ಮನ್ ಕಂಪನಿ ಪುಟ್ಟ ಹುಟ್ಟುದೋಣಿಗಳನ್ನು ಮಾಡತೊಡಗಿತು. 1948ರಲ್ಲಿ ಮಿನೆಸೋಟದ ನ್ಯೂಯಾರ್ಕ್ ಮಿಲ್ಸ್ ಎಂಬ ಸಣ್ಣ ಊರಲ್ಲಿ ಲುಂಡ್ ದೋಣಿ ಹುಟ್ಟಿತು. ಅದಕ್ಕೂ ಮೊದಲು, 1946ರಲ್ಲಿ, ಮಿನಿಯಾಪೊಲಿಸ್ಸಿನಲ್ಲಿ ಅಲ್ಯೂಮಾಕ್ರಾಫ್ಟ್ ಶುರುವಾದದ್ದು ಫ್ಲೌರ್ ಸಿಟಿ ಆರ್ನಮೆಂಟಲ್ ಐರನ್ ಎಂಬ ಕಾರ್ಖಾನೆಯ ಕೈಯಲ್ಲಿ.

ನಾನು ಇದನ್ನು ಮಾವನಿಗೆ ಹೇಳಿದೆ: "ಮಾವ, ಈ ದೋಣಿ ಮಾಡಲು ಶುರುಮಾಡಿದವರು ಮೊದಲು ಗೇಟು, ಗ್ರಿಲ್ಲು, ಮೆಟ್ಟಿಲ ಕಟಕಟೆ ಮಾಡುತ್ತಿದ್ದವರಂತೆ."

ಅವರು ಏನೂ ಹೇಳಲಿಲ್ಲ. ಮಗುಚಿದ ದೋಣಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ರಿವೆಟ್ಟುಗಳ ಸಾಲಿನ ಮೇಲೆ ಮೂತಿಯಿಂದ ಬಾಲದ ತನಕ ಬೆರಳು ಎಳೆದರು. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರು. ಒಳಗೆ ಪಕ್ಕೆಲುಬು ಇದ್ದಲ್ಲಿ ಸದ್ದು ಗಟ್ಟಿ, ಇಲ್ಲದಲ್ಲಿ ಟೊಳ್ಳು. ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಅದುವರೆಗೆ ಅಪರಿಚಿತವಾಗಿದ್ದ ಆ ಊರಲ್ಲಿ ತಮ್ಮ ಕಸುಬಿನವರ ಕೈ ಅವರಿಗೆ ಸಿಕ್ಕಿತ್ತು ಎಂದೇ ನಾನು ನಂಬಿದ್ದೇನೆ. ಆ ದಿನದಿಂದ ಅವರು ಕಿಟಕಿಯ ಪಕ್ಕ ನಿಂತದ್ದನ್ನು ನಾನು ನೋಡಲಿಲ್ಲ.

ಹಿರಿಯರ ಗ್ಯಾರೇಜಿನಲ್ಲಿ ಒಂದು ಸಣ್ಣ ವೆಲ್ಡಿಂಗ್ ಮಿಶನ್ ಇತ್ತು. ಮಾವ ವೆಲ್ಡರ್ ಎಂದು ನಾನು ಹೇಳಿದ್ದರಿಂದ ಅವರು ಅದರ ಧೂಳು ಒರೆಸಿ, ಮುಖಕ್ಕೆ ಹಿಡಿಯುವ ಶೀಲ್ಡನ್ನೂ ತೆಗೆದು ಸಿದ್ಧ ಮಾಡಿದ್ದರು. ಮಾವ ಮಿಶನ್ ನೋಡಿ ಮೆಚ್ಚಿದರು, ಆದರೆ ಪ್ಲಗ್ ಹಾಕಲು ಬಿಡಲಿಲ್ಲ.

"ಇದ್ಕ್ ವೆಲ್ಡಿಂಗ್ ಬ್ಯಾಡ. ಜಿಐ ಸುಟ್ರೆ ಹೊಗೆ ಕುಡ್ದ್ ರಾತ್ರಿ ಜ್ವರ. ಸುಟ್ಟ್ ಜಾಗಕ್ಕೆ ಮಳೆಗಾಲ್ದಾಗ್ ತುಕ್ಕ್. ಎಲ್ಲ ಬೋಲ್ಟಲ್ಲೇ ಮಾಡುವ."

ಸತು ಲೇಪಿಸಿದ ಕಬ್ಬಿಣ ಬೆಸೆಯುವಾಗ ಏಳುವ ಬಿಳಿ ಹೊಗೆ ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿಜ್ವರ ಬರುವುದು ಜಗತ್ತಿನ ಎಲ್ಲ ವೆಲ್ಡರುಗಳಿಗೂ ಗೊತ್ತು. ಆ ಲೇಪವೇ ಟ್ರೇಲರನ್ನು ಉಪ್ಪಿನಿಂದ ಕಾಯುವುದು. ಅದನ್ನು ಸುಟ್ಟರೆ ಕೊಂಡದ್ದರ ಬೆಲೆಯೇ ಹೋದಂತೆ. ಬೆಸುಗೆಯಲ್ಲೇ ಬದುಕಿದ ಮನುಷ್ಯ ಬೆಸುಗೆ ಬೇಡ ಎಂದದ್ದಕ್ಕೆ ನನಗೆ ಅವರ ಮೇಲೆ ಇದ್ದ ಗೌರವ ಇನ್ನಷ್ಟು ಹೆಚ್ಚಿತು.

ಮೊದಲು ವಿಂಚ್ ಕಂಬವನ್ನು ಮೂರಡಿ ಹಿಂದೆ ಸರಿಸಿ ಯು-ಬೋಲ್ಟಿನಲ್ಲಿ ಬಿಗಿದರು. ಆಮೇಲೆ ಹಲಗೆ. ಔಷಧ ಕುಡಿಸದ ಸಾದಾ ಫರ್ ಮರ ತರಿಸಿ, ನಾಲ್ಕೂ ಮೈಗೆ, ಮುಖ್ಯವಾಗಿ ಕೊಯ್ದ ತುದಿಗಳಿಗೆ, ವಾರ್ನಿಶ್ ಕುಡಿಸಿದೆವು. ಬೋಲ್ಟಿನ ತಲೆ ಮರದೊಳಗೆ ಮುಳುಗುವಂತೆ ಕುಳಿ ತೋಡಿದರು. ಕಾರ್ಪೆಟ್ಟಿಗೆ ಹೊಡೆದದ್ದು ಸ್ಟೀಲ್ ಪಿನ್ನು, ತುಕ್ಕು ಹಿಡಿಯದ್ದು. ಅದೂ ಹಲಗೆಯ ಬದಿಗೆ ಮತ್ತು ಅಡಿಗೆ. ದೋಣಿ ತಾಗುವ ಮೇಲ್ಮೈಯಲ್ಲಿ ಒಂದೂ ಇಲ್ಲ. ಹಲಗೆ ಹೊರುವ ಬ್ರಾಕೆಟ್ಟುಗಳನ್ನು ಹೊರಗಿನ ಕಡೆ ತಗ್ಗಿಸಿ ದೋಣಿಯ ಇಳಿಜಾರಿಗೆ ಹೊಂದಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ ಹಲಗೆಯ ಹಿಂತುದಿ ಸರಿಯಾಗಿ ದೋಣಿಯ ಹಿಂಗೋಡೆಯ ಕೆಳಗೆ ಬರುವಂತೆ ನೋಡಿಕೊಂಡರು. ಮೋಟರಿನ 80 ಪೌಂಡ್ ತೂಗುವುದು ಅಲ್ಲೇ. ಅಲ್ಲಿ ಆಸರೆ ಇಲ್ಲದಿದ್ದರೆ ರಸ್ತೆಯ ಒಂದೊಂದು ಗುಂಡಿಗೂ ತಗಡು ಸ್ವಲ್ಪ ಸ್ವಲ್ಪ ಬಾಗಿ, ವರ್ಷಗಳಲ್ಲಿ ದೋಣಿಯ ಅಡಿ ಕೊಕ್ಕೆಯಾಗುತ್ತದೆ. ಅಂಥ ದೋಣಿ ನೀರಿನಲ್ಲಿ ನೆಟ್ಟಗೆ ಓಡುವುದಿಲ್ಲ.

"ನೀರ್ ಹೆಂಗ್ ಹೊರ್ತ್, ಗಾಡಿನೂ ಹಂಗೇ ಹೊರ್ಕ್," ಅಂದರು ಮಾವ. ಇಡೀ ಕೆಲಸಕ್ಕೆ ಅವರು ಕೊಟ್ಟ ವಿವರಣೆ ಇಷ್ಟೇ.

ನೀರು ದೋಣಿಯನ್ನು ಎಲ್ಲ ಕಡೆಯಿಂದ ಹೊರುತ್ತದೆ. ಹಾಗಾಗಿ ಅಡಿಯ ನಡುಗೆರೆಗೆ ರಬ್ಬರ್ ರೋಲರು, ಬದಿಗೆ ಹಲಗೆ, ಎರಡೂ ಭಾರ ಹಂಚಿಕೊಳ್ಳಬೇಕು. ದೋಣಿ ಕೂರಿಸಿದ ಮೇಲೆ ಅವರು ಹಳೆಯ ಪತ್ರಿಕೆಯ ಚೂರುಗಳನ್ನು ಅಲ್ಲಲ್ಲಿ ತೂರಿಸಿ ಎಳೆದು ನೋಡಿದರು. ಸಲೀಸಾಗಿ ಜಾರಿ ಬಂದಲ್ಲಿ ಬ್ರಾಕೆಟ್ಟು ಏರಿಸಿದರು, ಹರಿದಲ್ಲಿ ಇಳಿಸಿದರು. ಹಿರಿಯರು ಪಾನ ಹಿಡಿದು ಆಚೆ ಬದಿ, ಮಾವ ಈಚೆ ಬದಿ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡುತ್ತಿದ್ದರು. ನಾನು ಆಫೀಸಿನ ಕರೆಗೆ ಒಳಗೆ ಹೋಗಿ ಬರುವಷ್ಟರಲ್ಲಿ ಕೆಲಸ ಎಲ್ಲೂ ನಿಂತಿರುತ್ತಿರಲಿಲ್ಲ.

ಕಂಬ ಹಿಂದೆ ಸರಿದು, ಮೋಟರು, ಬ್ಯಾಟರಿ, ಪೆಟ್ರೋಲ್ ಡಬ್ಬ ಎಲ್ಲ ಹಿಂದಿನ ಕಡೆ ಕೂತ ಮೇಲೆ ಹೊಸ ತೊಡಕು ಎದುರಾಯಿತು. ಟ್ರೇಲರಿನ ಮೂಗನ್ನು ಎರಡು ಬೆರಳಲ್ಲಿ ಎತ್ತಬಹುದಾಗಿತ್ತು. ಹಗುರವಾಯಿತೆಂದು ಖುಷಿಪಡುವ ವಿಷಯ ಇದಲ್ಲ. ಮೂಗಿನ ಭಾರ ಕಮ್ಮಿಯಾದರೆ ಹೆದ್ದಾರಿಯಲ್ಲಿ ವೇಗ ಹೆಚ್ಚಿದಂತೆ ಟ್ರೇಲರ್ ಅತ್ತಿತ್ತ ತೊನೆಯಲು ಶುರುಮಾಡುತ್ತದೆ, ಕಾರನ್ನೂ ಎಳೆದಾಡುತ್ತದೆ. ಒಟ್ಟು ತೂಕದ ನೂರಕ್ಕೆ ಐದರಿಂದ ಹತ್ತು ಪಾಲು ಮೂಗಿನ ಮೇಲಿರಬೇಕು ಎಂಬುದು ದೋಣಿ ಟ್ರೇಲರಿನ ಲೆಕ್ಕ. ನಮ್ಮದು ಎಲ್ಲ ಸೇರಿ 730 ಪೌಂಡಿನ ಆಸುಪಾಸು. ಹಿರಿಯರು ಬಚ್ಚಲುಮನೆಯ ತೂಕದ ಮಿಶನ್ ತಂದರು. ಅದರ ಮೇಲೆ ಮರದ ತುಂಡು ನಿಲ್ಲಿಸಿ, ಕಾರಿನ ಹಿಂದೆ ಕೊಂಡಿ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ಮೂಗು ಇಟ್ಟೆವು. ಎತ್ತರ ಬದಲಾದರೆ ತೂಕವೂ ಬದಲಾಗುತ್ತದೆ. ಮಿಶನ್ ತೋರಿಸಿದ್ದು ಬರೀ ಹತ್ತು ಪೌಂಡ್.

ಅಂದರೆ ಆಕ್ಸೆಲ್ಲನ್ನೇ ಹಿಂದೆ ಸರಿಸಬೇಕು. ಕಮಾನ್ ಪಟ್ಟಿ ನೇತುಹಾಕುವ ಹ್ಯಾಂಗರುಗಳು ಚೌಕಟ್ಟಿಗೆ ಬೋಲ್ಟಿನಲ್ಲೇ ಬಿಗಿದಿದ್ದು ನಮ್ಮ ಭಾಗ್ಯ. ಜ್ಯಾಕ್ ಕೊಟ್ಟು, ಕಟ್ಟಿಗೆ ಆನಿಸಿ, ಇಡೀ ಆಕ್ಸೆಲ್ ಸೆಟ್ಟನ್ನು ಹತ್ತು ಇಂಚು ಹಿಂದೆ ತಂದರು. ಚಕ್ರದ ಮೇಲಿನ ಮಡ್‌ಗಾರ್ಡೂ ಜೊತೆಗೆ ಸರಿಯಬೇಕಾಯಿತು. ಸರಿಸುವುದಕ್ಕಿಂತ ಕಷ್ಟ, ಅದನ್ನು ನೇರ ಕೂರಿಸುವುದು. ಒಂದು ಬದಿ ಅರ್ಧ ಇಂಚು ಮುಂದಿದ್ದರೂ ಟಯರು ಓರೆ ಓಡಿ ಸವೆದುಹೋಗುತ್ತದೆ. ಮಾವ ನೈಲಾನ್ ದಾರ ತೆಗೆದುಕೊಂಡು ಮೂಗಿನ ನಡುಬಿಂದುವಿನಿಂದ ಆಕ್ಸೆಲ್ಲಿನ ಎಡತುದಿಗೆ ಅಳೆದು ಗಂಟು ಹಾಕಿದರು. ಅದೇ ದಾರವನ್ನು ಬಲತುದಿಗೆ ಹಿಡಿದರು. ಗಂಟು ಅದೇ ಜಾಗಕ್ಕೆ ಬರುವವರೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರು. ಹಿರಿಯರ ಕೈಯಲ್ಲಿ ಉಕ್ಕಿನ ಟೇಪು ಇತ್ತು. ಅವರು ಆಮೇಲೆ ಅದರಲ್ಲೂ ಅಳೆದರು. ಎರಡೂ ಬದಿ ಒಂದೇ ಅಳತೆ. ಟೇಪನ್ನು ಜೇಬಿಗೆ ಹಾಕಿ ಮಾವನ ಬೆನ್ನು ತಟ್ಟಿದರು.

ಆಕ್ಸೆಲ್ ಬಿಚ್ಚಿದ್ದಾಗಲೇ ಎರಡೂ ಬದಿಯ ಕಮಾನಿನಿಂದ ಒಂದೊಂದು ಗಿಡ್ಡ ಪಟ್ಟಿ ತೆಗೆದಿದ್ದರು. ಕಿವಿ ಇರುವ ಮೂಲಪಟ್ಟಿ ಮುಟ್ಟಲಿಲ್ಲ. ಭಾರದ ಫೈಬರ್ ದೋಣಿಗೆ ಮಾಡಿದ ಕಮಾನು ಈ ಹಗುರ ದೋಣಿಗೆ ಬಗ್ಗುವುದೇ ಇಲ್ಲ, ಕುಲುಕೆಲ್ಲ ನೇರ ರಿವೆಟ್ಟಿಗೆ ಹೋಗುತ್ತದೆ. ಮೊದಲ ದಿನ ಚೌಕಟ್ಟಿನ ಮೇಲೆ ಮೈಭಾರ ಬಿಟ್ಟು ಅವರು ನೋಡಿದ್ದು ಇದನ್ನೇ. ಮತ್ತೆ ಮೂಗು ತೂಗಿದಾಗ ಮಿಶನ್ 60 ಪೌಂಡ್ ಹತ್ತಿರ ನಿಂತಿತು. ಲೈಟಿನ ವೈರು, ಬೇರಿಂಗಿಗೆ ಗ್ರೀಸು ಇವೆಲ್ಲ ಹಿರಿಯರೇ ನೋಡಿಕೊಂಡರು.

ಆ ಶನಿವಾರ ನಸುಕಿನಲ್ಲಿ ಮೂವರೂ ಉತ್ತರಕ್ಕೆ ಹೊರಟೆವು, ಹೆದ್ದಾರಿ 169ರಲ್ಲಿ. ಮಾವ ಹಿಂದಿನ ಸೀಟಿನಲ್ಲಿ ಪೂರ್ತಿ ತಿರುಗಿ ಕೂತು ಟ್ರೇಲರನ್ನೇ ನೋಡುತ್ತಿದ್ದರು. ವೇಗ 60 ಮೈಲಿ ಮುಟ್ಟಿದರೂ ಅದು ಗೆರೆ ಎಳೆದಂತೆ ಬಂತು. ಪೆಟ್ರೋಲಿಗೆ ನಿಲ್ಲಿಸಿದಾಗ ಇಳಿದು ಚಕ್ರದ ಗುಂಭಕ್ಕೆ ಅಂಗೈ ಇಟ್ಟರು. ಬಿಸಿ ಇರಲಿಲ್ಲ. ಕೆರೆ ದಂಡೆಯ ಇಳಿಜಾರಿನಲ್ಲಿ ಹಿರಿಯರು ಲೈಟಿನ ಪ್ಲಗ್ ಕಿತ್ತು, ದೋಣಿಯ ಬಿರಡೆ ಹಾಕಿ, ಹಿಮ್ಮುಖವಾಗಿ ನೀರಿಗಿಳಿಸಿದರು. ಹಲಗೆ ಮುಳುಗುತ್ತಿದ್ದಂತೆ ದೋಣಿ ತಾನಾಗಿ ತೇಲಿ ಹಿಂದೆ ಸರಿಯಿತು, ಎಲ್ಲೂ ಕೆರೆಯಲಿಲ್ಲ. ಮಾವನ ಹೆಸರಲ್ಲೂ ಒಂದು ದಿನದ ಪರವಾನಗಿ ತೆಗೆಸಿದ್ದೆವು. ಮೊದಲ ವಾಲೈ ಸಿಕ್ಕಿದ್ದು ಅವರಿಗೇ.

ಮಧ್ಯಾಹ್ನ ಮರಳಿ ಎಳೆದಾಗ ದೋಣಿ ಹಲಗೆಗಳ ನಡುವೆ ತಾನೇ ಬಂದು ಕೂತಿತು. ಅಲ್ಲಿನ ಕಾನೂನಿನಂತೆ ಬಿರಡೆ ತೆಗೆದು ನೀರು ಪೂರ್ತಿ ಬಸಿದೇ ದಾರಿ ಹಿಡಿಯಬೇಕು. ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹಬ್ಬದಿರಲೆಂದು ಈ ನಿಯಮ. ನೀರು ಬಸಿಯುವಷ್ಟು ಹೊತ್ತು ಮಾವ ಟ್ರೇಲರಿನ ಅಡಿ ಬಗ್ಗಿ ಒಂದೊಂದು ಬೋಲ್ಟೂ ಮುಟ್ಟಿ ನೋಡಿದರು.

ಮುಂದಿನ ವಾರ ನಾವು ತಿಂಡಿಗೆ ಕೂತಿದ್ದಾಗ ಹಿರಿಯರ ಗೆಳೆಯರೊಬ್ಬರು ತಮ್ಮ 16 ಅಡಿಯ ದೋಣಿ ಎಳೆದುಕೊಂಡು ನಮ್ಮ ಮನೆ ಮುಂದೆಯೇ ಬಂದು ನಿಂತರು. ಟ್ರೇಲರು ತೊನೆಯುತ್ತದಂತೆ. ಮಾವ ನೀರ್ದೋಸೆಯ ತಟ್ಟೆ ಸರಿಸಿ ಎದ್ದರು.

"ಹ್ವಾಯ್, ಆ ತೂಕದ ಮಿಶನ್ ತಕಂಡ್ ಬನ್ನಿ, ಕಾಂಬ."